ನಾನು ಸತ್ತದ್ದು ಎರಡನೆಯ ಸಂಪುಟದಲ್ಲಿ

ಕಾದಂಬರಿ ಓದುವವರೆಲ್ಲ ಒಂದು ಬಗೆಯ ಕಳ್ಳರು. ಕಥೆ ಯಾರದೋ, ಊರು ಯಾರದೋ, ಕಷ್ಟ ಯಾರದೋ. ನಾವು ಮಾತ್ರ ಹಿತ್ತಿಲ ಬಾಗಿಲಿನಿಂದ ನುಗ್ಗಿ, ಅಲ್ಲಿರುವುದರಲ್ಲೇ ಒಳ್ಳೆಯ ಪಾತ್ರವೊಂದನ್ನು ಆರಿಸಿ, 'ಇದು ನಾನೇ' ಎಂದು ಎತ್ತಿಕೊಂಡು ಬಂದುಬಿಡುತ್ತೇವೆ. ಖಳನಾಯಕನನ್ನು ನೋಡಿ 'ಇದು ನಾನೇ' ಎಂದವರನ್ನು ನಾನಿನ್ನೂ ಕಂಡಿಲ್ಲ. ಅವನು ಯಾವಾಗಲೂ ನಮ್ಮ ಹೆಡ್ಮಾಸ್ಟರೋ, ಓರಗಿತ್ತಿಯೋ ಆಗಿರುತ್ತಾನೆ. ನಾನು ನಂಜನಗೂಡಿನ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು, ಪುರಾವೆಯಿಲ್ಲದೆ ಯಾವುದನ್ನೂ ಒಪ್ಪಬಾರದು ಎಂದು ದಿನಾ ಮಕ್ಕಳ ತಲೆಗೆ ತುಂಬುವವಳು. ಆದರೂ ಹನ್ನೆರಡನೆಯ ವಯಸ್ಸಿನಿಂದ ತಲೆ ನರೆಯುವವರೆಗೂ ನನ್ನನ್ನು ನಾನು ಇಲ್ಲದ ದೇಶವೊಂದರ ಕೋಟೆಯಲ್ಲಿ ದೀಪ ಕಾಯುವ ಹುಡುಗಿ ಎಂದೇ ನಂಬಿಕೊಂಡಿದ್ದೆ. ಅದೂ ಆ ಪುಸ್ತಕವನ್ನು ಒಂದು ಹಾಳೆಯೂ ಓದದೆ.

ಪುಸ್ತಕದ ಹೆಸರು ಬೇಡ ಬಿಡಿ. ಇಂಗ್ಲಿಷಿನದು. ತಲೆಯ ಕೆಳಗೆ ಇಟ್ಟುಕೊಂಡರೆ ಕುತ್ತಿಗೆ ಉಳುಕುವಷ್ಟು ದಪ್ಪದ ಸಂಪುಟಗಳು, ಪ್ರತಿಯೊಂದರ ಮೊದಲಿಗೂ ಇಲ್ಲದ ಊರುಗಳ ನಕ್ಷೆ. ನಮ್ಮ ಅಣ್ಣ ಮಹೇಶ ಮೈಸೂರಿಗೆ ಡಿಗ್ರಿ ಓದಲು ಹೋಗುತ್ತಿದ್ದಾಗ ಫುಟ್‌ಪಾತಿನಲ್ಲಿ ಹಳೆಯ ಪುಸ್ತಕ ಮಾರುವವನಿಂದ ಒಂದೊಂದಾಗಿ ತರುತ್ತಿದ್ದ. ನನಗೋ ಆಗ ಇಂಗ್ಲಿಷ್ ಎಂದರೆ ಹೊಟ್ಟೆನೋವು. ನಮ್ಮೂರು ಹೆಮ್ಮಿಗೆಯಲ್ಲಿ ಸಾಯಂಕಾಲ ದನಗಳಿಗೆ ಹುಲ್ಲು ತರಲು ನಾಲೆ ಏರಿಯ ಮೇಲೆ ಹೋಗುವಾಗ ಅವನು ಅಷ್ಟಷ್ಟೇ ಕನ್ನಡದಲ್ಲಿ ಹೇಳುತ್ತಿದ್ದ. ನಾಡಿಗೆಲ್ಲ ಕತ್ತಲೆ ಹಬ್ಬಿಸುವ ಒಬ್ಬ ಕಬ್ಬಿಣದ ರಾಜ. ಅವನ ಕೋಟೆಯ ತುದಿಯಲ್ಲಿ ಆರದ ದೀಪವೊಂದನ್ನು ಕಾಯುವ ತಬ್ಬಲಿ ಹುಡುಗಿ. ಕಪ್ಪು ಹೊಳೆಯಲ್ಲಿ ದೋಣಿ ನಡೆಸುತ್ತ, ಹತ್ತಿದವರಿಗೆಲ್ಲ ಒಂದೊಂದು ಸುಳ್ಳು ಹೇಳಿ ದಡ ಮುಟ್ಟಿಸುವ ಒಬ್ಬ ಅಂಬಿಗ. ಹುಡುಗಿಗೆ ಬಾಯಿ ತಿರುಗದ ಹೆಸರಿತ್ತಂತೆ, ಅಣ್ಣ ಅವಳನ್ನು 'ದೀಪಿ' ಮಾಡಿದ. ದೀಪಿ ನಾನು, ಅಂಬಿಗ ಅಣ್ಣ. ಕಬ್ಬಿಣದ ರಾಜ ನಮ್ಮ ಅಪ್ಪ ಎಂಬುದರಲ್ಲಿ ನಮ್ಮಿಬ್ಬರಿಗೆ ಚರ್ಚೆಯೇ ಇರಲಿಲ್ಲ. ಅಪ್ಪ ಜಗಲಿಯಲ್ಲಿ ಕೆಮ್ಮಿದರೆ ಕೊಟ್ಟಿಗೆಯಲ್ಲಿ ದನ ಮೇವು ಬಿಡುತ್ತಿದ್ದವು.

ದೀಪಿ ನನ್ನ ಜೀವನದಲ್ಲಿ ಸುಮ್ಮನೆ ಕೂತವಳಲ್ಲ. ಎಸ್ಸೆಸ್ಸೆಲ್ಸಿ ಮುಗಿದಾಗ ಅಪ್ಪ, "ಎಣ್ಮಗ ಓದಿದ್ದು ಸಾಕು, ಮನೇಲಿರ್ಲಿ" ಎಂದು ತೀರ್ಪು ಕೊಟ್ಟರು. ನಾನು ನಡುಮನೆಯಲ್ಲಿ ನಿಂತು, ದೀಪಿ ಕಬ್ಬಿಣದ ರಾಜನ ಎದುರು ಹೇಳಿದ್ದನ್ನೇ ಹೇಳಿದೆ: "ಬಾಗಿಲು ನಿಮ್ಮದಿರಬಹುದು, ದಾರಿ ನಿಮ್ಮದಲ್ಲ." ಅಪ್ಪ ಅವ್ವನ ಕಡೆ ತಿರುಗಿ, "ಏನಂದ್ಲು ಇವ್ಳು?" ಎಂದರು. ಅವ್ವ, "ಏನೋ ಪಾಠದಲ್ಲಿ ಬಂದಿರ್ಬೇಕು ಬುಡಿ" ಎಂದಳು. ಬೈಗುಳಕ್ಕೆ ಬಗ್ಗದ ಅಪ್ಪ ಅರ್ಥವಾಗದ ಮಾತಿಗೆ ಹೆದರುತ್ತಿದ್ದರು. ನಾನು ನರಸೀಪುರದ ಕಾಲೇಜು ಸೇರಿದೆ, ಆಮೇಲೆ ಮೈಸೂರು, ಆಮೇಲೆ ಮೇಷ್ಟ್ರ ಕೆಲಸ. ಅಣ್ಣ ಮಾತ್ರ ಎಂ.ಎ. ಮಾಡುವ ಆಸೆಯನ್ನು ಬಾಯಿಬಿಟ್ಟು ಹೇಳದೆ, ಅಪ್ಪ ತೋರಿಸಿದಂತೆ ನರಸೀಪುರದಲ್ಲಿ ಪಂಪ್‌ಸೆಟ್ಟಿನ ಮೋಟಾರು ರಿಪೇರಿಯ ಅಂಗಡಿ ಇಟ್ಟು, ಸುಟ್ಟ ಕಾಯಿಲುಗಳಿಗೆ ಹೊಸ ತಾಮ್ರದ ತಂತಿ ಸುತ್ತುತ್ತ ಕೂತ.

ಅತ್ತಿಗೆ ಪುಷ್ಪ ಮದುವೆಯಾಗಿ ಬಂದ ಹೊಸತರಲ್ಲಿ ಅಣ್ಣ ಅವಳಿಗೂ ಈ ಕಥೆ ಹೇಳಲು ಹೊರಟಿದ್ದ. ಅವಳು ಕುಯ್ಯುತ್ತಿದ್ದ ಸೊಪ್ಪಿನಿಂದ ತಲೆ ಎತ್ತದೆ ಕೇಳಿದ್ದು ಒಂದೇ ಪ್ರಶ್ನೆ: "ಇಷ್ಟ್ ಜನ ಯುದ್ಧುಕ್ಕೆ ಓಯ್ತರಲ್ಲ, ಅನ್ನ ಮಾಡೋರ್ ಯಾರು?" ಅಣ್ಣ, "ಅದನ್ನ ಬರ್ದಿಲ್ಲ ಕಣೆ" ಎಂದ. "ಅಂಗಾರೆ ಬರ್ದೋನಿಗೆ ಏನೂ ಗೊತ್ತಿಲ್ಲ" ಎಂದು ಅವಳು ಎದ್ದು ಹೋದಳು. ನಮ್ಮ ಮನೆಯಲ್ಲಿ ಪಾತ್ರ ಸಿಗದೆ ಉಳಿದವಳು ಅವಳೊಬ್ಬಳೇ.

ಕಬ್ಬಿಣದ ರಾಜ ಹೋದರು, ಅವ್ವನೂ ಹೋದಳು. ಅವರು ಬಿಟ್ಟುಹೋದ ಸಕ್ಕರೆ ಕಾಯಿಲೆ ಅಣ್ಣನ ಪಾಲಿಗೆ ಬಂತು. ಮೊದಲು ಕಣ್ಣು ಮಂಜಾಯಿತು, ಆಮೇಲೆ ಎರಡೂ ಕಿಡ್ನಿ ಕೈಕೊಟ್ಟವು. ಅಣ್ಣ-ಅತ್ತಿಗೆಗೆ ಮಕ್ಕಳಿಲ್ಲ. ಅತ್ತಿಗೆಯದು ಬೇರೆ ರಕ್ತದ ಗುಂಪು. ಇನ್ನುಳಿದವಳು ನಾನು. ನನ್ನ ಕಿಡ್ನಿ ಕೊಡುತ್ತೇನೆ ಎಂದು ಮೈಸೂರಿನ ಆಸ್ಪತ್ರೆಗೆ ಹೋದೆ. ಹೋಗುವಾಗ, ಸುಳ್ಳೇಕೆ, ಬಸ್ಸಿನಲ್ಲಿ ಎದೆ ಕೊಂಚ ಉಬ್ಬಿಯೇ ಇತ್ತು. ಡಾಕ್ಟರು ರಿಪೋರ್ಟು ನೋಡಿ, "ಮೇಡಂ, ನಿಮಗೂ ಶುಗರ್ ಇದೆ, ಗೊತ್ತಿರಲಿಲ್ವಾ?" ಎಂದರು. ಕಿಡ್ನಿ ಕೊಡಲು ಹೋದವಳು ಮಾತ್ರೆ ಚೀಟಿ ತೆಗೆದುಕೊಂಡು ಬಂದೆ. ಮೆಟ್ಟಿಲಿಳಿಯುವಾಗ ಅಣ್ಣನೇ ನನಗೆ ಸಮಾಧಾನ ಹೇಳಿದ: "ಓಗ್ಲಿ ಬುಡು ರತ್ನಿ. ಇನ್ಮೇಲೆ ಇಬ್ರೂ ಸಪ್ಪೆ ಕಾಫಿ ಕುಡಿಯೋಣ." ಎರಡು ನದಿ ಕೂಡುವ ಊರಿನಲ್ಲಿ ಅಂಗಡಿ ಇಟ್ಟುಕೊಂಡವನಿಗೆ ಆಮೇಲೆ ಲೋಟದಲ್ಲಿ ಅಳೆದು ನೀರು. ವಾರದಲ್ಲಿ ಹಲವು ಸಲ ಡಯಾಲಿಸಿಸ್. ಶನಿವಾರದ ಸರದಿಗೆ ಜೊತೆಗೆ ಕೂರುವುದು ನನ್ನ ಪಾಲಿಗೆ ಬಂತು.

ಆ ಹೊತ್ತಿಗೇ ಐದನೆಯ ಸಂಪುಟ ಬಂತು. ನಾಲ್ಕನೆಯದನ್ನು ಬರೆದು ಆ ಲೇಖಕ ಎಲ್ಲಿ ಮಲಗಿದ್ದನೋ, ಓದುಗರಿಗೆಲ್ಲ ಮೊಮ್ಮಕ್ಕಳಾಗುವ ಹೊತ್ತಿಗೆ ಎದ್ದು ಕೊನೆಯದನ್ನು ಮುಗಿಸಿದ್ದ. ಅಣ್ಣ ತರಿಸಿಕೊಂಡ. ಅಕ್ಷರಗಳು ಮಾತ್ರ ಅವನ ಕಣ್ಣಿಗೆ ಇರುವೆ ಸಾಲಿನಂತೆ ಹರಿದುಹೋಗುತ್ತಿದ್ದವು. "ನೀನು ಓದ್ಹೇಳು" ಎಂದ. ನಾನು ಮೇಷ್ಟ್ರು; ಹಿಂದಿನ ಪಾಠ ಮಾಡದೆ ಮುಂದಿನದಕ್ಕೆ ಹೋಗುವವಳಲ್ಲ. ಮೊದಲ ನಾಲ್ಕನ್ನೂ ಓದಿಕೊಂಡು ಬರುತ್ತೇನೆ ಎಂದೆ. "ಅವೆಲ್ಲ ಯಾಕೆ? ಕತೆ ಗೊತ್ತಲ್ಲ, ನೇರ ಐದನೇದು ತೆಗಿ" ಎಂದು ಅವನು ಗಡಿಬಿಡಿಯಿಂದ ಹೇಳಿದ. ಔಷಧದ ಸಿಡುಕು ಎಂದುಕೊಂಡೆ.

ಒಂದು ಶನಿವಾರ ನಂಜನಗೂಡಿನಿಂದ ಮೈಸೂರಿಗೆ ಹೋಗುವ ಬಸ್ಸಿನಲ್ಲಿ ಎರಡನೆಯ ಸಂಪುಟದ ಮಧ್ಯಕ್ಕೆ ಬಂದಿದ್ದೆ. ಗಾಳಿಮಳೆಯ ಹೊತ್ತು. ದೀಪಿ ದೀಪ ಹಿಡಿದು ಗೋಪುರದ ಅಂಚಿಗೆ ಬರುತ್ತಾಳೆ, ಕಾಲು ಜಾರುತ್ತದೆ, ಬೀಳುತ್ತಾಳೆ, ಸಾಯುತ್ತಾಳೆ. ಒಂದೇ ಪ್ಯಾರಾ! ಮುಂದಿನ ಪ್ಯಾರಾದಲ್ಲಿ ಎರಡು ಹದ್ದುಗಳು ಹವಾಮಾನದ ಬಗ್ಗೆ ಮಾತಾಡುತ್ತವೆ. ನನ್ನ ಬಾಯಿಂದ ಎಂಥ ಸದ್ದು ಬಂತೋ, ಪಕ್ಕದಲ್ಲಿ ಹೂವಿನ ಚೀಲ ಇಟ್ಟುಕೊಂಡು ಕೂತಿದ್ದ ಹೆಂಗಸು ನನ್ನ ಮೊಣಕೈ ಹಿಡಿದುಕೊಂಡಳು. "ಏನಾಯ್ತವ್ವ? ಯಾರಾರ ಓಗ್ಬುಟ್ರಾ?" ನಾನು ಯೋಚಿಸದೆ, "ನಾನೇ" ಎಂದೆ. ಆಕೆ ಕೈ ಬಿಟ್ಟು, ಚೀಲವನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡಳು. ನಾನು ಉಳಿದ ಹಾಳೆಗಳನ್ನು, ಚೀಲದಲ್ಲಿದ್ದ ಮೂರನೆಯ ಸಂಪುಟವನ್ನು ಎಲ್ಲ ಮಗುಚಿ ಹಾಕಿದೆ. ಎಲ್ಲೂ ದೀಪಿ ಇಲ್ಲ. ಹಾಗಾದರೆ ಆಮೇಲೆ ಮೂರು ದೇಶ ಸುತ್ತಿ, ರಾಜನ ಎದುರು ನಿಂತು ಮಾತಾಡಿದವಳು ಯಾರು?

ಆಸ್ಪತ್ರೆಗೆ ಹೋದಾಗ ಅಣ್ಣನ ತೋಳಿಗೆ ಆಗಲೇ ನಳಿಕೆ ಹಾಕಿದ್ದರು. ನಾನು ಚಪ್ಪಲಿ ಬಿಡುವುದನ್ನೂ ಮರೆತು ಕೇಳಿದೆ: "ಅಣ್ಣ, ದೀಪಿ ಸತ್ತೋಗಿದ್ಳಾ?"

ಅವನು ಕಣ್ಣು ಮುಚ್ಚಿಕೊಂಡ. "ಅದಕ್ಕೇ ಓದ್ಬೇಡ ಅಂದಿದ್ದು."

"ಮೊದ್ಲೇ ಯಾಕೋ ಹೇಳ್ಲಿಲ್ಲ?"

"ಹೇಳಿದ್ನಲ್ಲೇ! ಹೇಳಿದ್ ದಿನದಿಂದ ನೀನು ಅನ್ನ ಬಿಟ್ಟು ಮಲಗಿದ್ದೆ. ಜ್ವರ ಬಂತು. ಅವ್ವ ನನಗೆ ಪೊರಕೇಲಿ ಹೊಡುದ್ಲು. ಆಮೇಲೆ ನಾನು ಬಂದು, ಎರಡು ಹಾಳೆ ಅಂಟ್ಕೊಂಡಿದ್ವು, ಬಿಡಿಸಿ ನೋಡ್ದೆ, ಅವಳು ಮೀನುಗಾರರ ಬಲೆಗೆ ಬಿದ್ದು ಬದುಕವ್ಳೆ ಅಂದೆ. ನೀನು ಎದ್ದು ಮುದ್ದೆ ಉಂಡೆ."

ಬಲೆ ನನಗೆ ಚೆನ್ನಾಗಿ ನೆನಪಿತ್ತು. ಸಾವು ಮಾತ್ರ ನೆನಪಿರಲಿಲ್ಲ. "ಆಮೇಲಿನದೆಲ್ಲ?"

"ಎಲ್ಲ ನಂದೇ. ಸತ್ತ ಹುಡುಗಿಗೆ ಎರಡು ಸಂಪುಟದಲ್ಲಿ ಕೆಲಸ ಹುಡುಕಿಕೊಡೋದ್ರಲ್ಲಿ ನನ್ ಡಿಗ್ರಿನೇ ಓಗ್ತಿತ್ತು ಕಣೆ."

"ಬಾಗಿಲು ನಿಮ್ಮದಿರಬಹುದು...?"

"ಅದೂ ನಂದೇ. ಅಪ್ಪನ ಎದುರಿಗೆ ನನಗೆ ಹೇಳಕ್ಕೆ ಧೈರ್ಯ ಇರ್ಲಿಲ್ಲ. ನೀನಾದ್ರೂ ಹೇಳ್ತೀಯ ಅಂತ ದೀಪಿ ಬಾಯಿಗೆ ಹಾಕ್ದೆ." ಹೇಳಿ ನಗತೊಡಗಿದ. ನಗುತ್ತ ನಗುತ್ತ ತೋಳು ಅಲುಗಿ ಮೆಷಿನ್ನು ಕೂಗಿಕೊಂಡಿತು. ನರ್ಸಮ್ಮ ಓಡಿ ಬಂದು, "ಏನ್ ಸಾ, ಇದು ಆಸ್ಪತ್ರೆನೋ ಟಾಕೀಸೋ?" ಎಂದು ಇಬ್ಬರನ್ನೂ ಬೈದಳು. ನನಗೆ ನಗುವುದೋ ಅಳುವುದೋ ತಿಳಿಯಲಿಲ್ಲ. ಗೋಡೆಯ ಮೇಲಿದ್ದ, ಉಪ್ಪು ಕಡಿಮೆ ತಿನ್ನಿ ಎಂಬ ಬೋರ್ಡನ್ನು ಓದುತ್ತ ಕೂತೆ.

ಐದನೆಯದನ್ನು ಶುರು ಮಾಡಿದೆವು. ನಾನು ಮನೆಯಲ್ಲಿ ಮೊದಲೇ ಓದಿ, ಶನಿವಾರ ಕನ್ನಡದಲ್ಲಿ ಹೇಳುವುದು. ಅರ್ಧ ದಾಟುವಷ್ಟರಲ್ಲಿ ಅಂಬಿಗ ಸತ್ತ. ಯುದ್ಧದಲ್ಲಿ ಅಲ್ಲ, ಹೊಳೆಯಲ್ಲಿ ಅಲ್ಲ. ಗುಡಿಸಿಲಿನಲ್ಲಿ ಜ್ವರ ಬಂದು. ಯಾರೋ ದೋಣಿ ಕೇಳಿಕೊಂಡು ಬಂದಾಗ, 'ಅವನು ಹೋದ' ಎಂದು ದಡದಲ್ಲಿದ್ದವರು ಹೇಳುತ್ತಾರೆ. ಅಷ್ಟೇ. ಇದನ್ನು ಅಣ್ಣನಿಗೆ ಹೇಗೆ ಹೇಳಲಿ? ಅವನಿಗೆ ಬರುತ್ತಿದ್ದ ಸುಳ್ಳು ನನಗೇಕೆ ಬಾರದು ಎಂದು ವಾರವಿಡೀ ಕೂತು ಅಂಬಿಗನನ್ನು ಬದುಕಿಸಿದೆ. ಶನಿವಾರ ಹೇಳಲು ಹೊರಟರೆ, ಅಣ್ಣ ಎರಡೇ ಮಾತಿಗೆ ಹಿಡಿದುಬಿಟ್ಟ. "ದೋಣಿ ಈ ದಡದಲ್ಲಿದೆ ಅಂದೆ, ಆ ದಡಕ್ಕೆ ಹೆಂಗ್ ಹೋದ? ಈಜ್ಕೊಂಡ? ಅವನಿಗೆ ಈಜು ಬರಲ್ಲ ಅಂತ ಮೊದಲ್ನೇದ್ರಲ್ಲೇ ಬರ್ದವ್ನೆ." ನಾನು ಏನೋ ವಿವರಣೆ ಕೊಟ್ಟೆ. "ರತ್ನಿ, ನಿನ್ನ ಸುಳ್ಳಿಗೆ ಸ್ಟೆಪ್ಸು ಜಾಸ್ತಿ. ಇರೋದನ್ನ ಓದು."

ಓದಿದೆ. ಅವನ ಮುಖ ಮಕ್ಕಳ ಮುಖದಂತೆ ಸಪ್ಪಗಾಯಿತು. "ಇಷ್ಟೇನಾ? ಇಷ್ಟು ವರ್ಷ ಕಾಯ್ಸಿ, ಜ್ವರ ಬರ್ಸಿ ಸಾಯ್ಸಿದ್ನಾ?" ಆಮೇಲೆ ಚಾವಣಿ ನೋಡುತ್ತ, "ಸರಿಯಾಗೇ ಬರ್ದವ್ನೆ ಬಿಡು" ಎಂದ. ಮತ್ತೆ ನನ್ನ ಕಡೆ ತಿರುಗಿ, "ದೋಣಿ ಯಾರಿಗೆ ಬಂತು?" ಎಂದು ಕೇಳಿದ.

"ಅವನ ಹೆಂಡತಿಗೆ. ಮಾರನೆಯ ದಿನದಿಂದ ಅವಳೇ ಹುಟ್ಟು ಹಾಕ್ತಾಳೆ."

ಕಾಲ ಬಳಿ ಟಿಫನ್ ಡಬ್ಬಿ ಹಿಡಿದು ಕೂತಿದ್ದ ಅತ್ತಿಗೆ, ಈ ಕಥೆಗೆ ಇಷ್ಟು ವರ್ಷ ಕಿವಿಗೊಡದವಳು, ತಟ್ಟನೆ ತಲೆ ಎತ್ತಿದಳು. "ಅಯ್ಯೋ, ಅವ್ನಿಗೆ ಎಂಡ್ರಿದ್ಲಾ?"

"ಇದ್ಳಂತೆ. ಇಲ್ಲೇ ಮೊದಲನೇ ಸಲ ಬಂದಿರೋದು."

"ಎಸ್ರೇನು?"

ನಾನು ಹಾಳೆ ಹಿಂದೆ ಮುಂದೆ ತಿರುಗಿಸಿ ನೋಡಿದೆ. "ಹೆಸರು ಕೊಟ್ಟಿಲ್ಲ, ಅತ್ತಿಗೆ."

"ಇನ್ನೇನ್ ಕೊಟ್ಟಾನು" ಎಂದು ಅತ್ತಿಗೆ ಡಬ್ಬಿಯ ಮುಚ್ಚಳ ತೆಗೆದು ಅಣ್ಣನಿಗೆ ಇಡ್ಲಿ ಮುರಿದು ಕೊಟ್ಟಳು. ಅಣ್ಣ ಅವಳ ಮುಖ ನೋಡಿದ, ಇಡ್ಲಿ ತಿಂದ.

ಅವನಿಗೆ ಮಳೆಗಾಲದ ಕೊನೆಗೆ ಜ್ವರ ಬಂತು. ಸೂಜಿ ಚುಚ್ಚುವ ಕಡೆ ಸೋಂಕಾಗಿದೆ ಎಂದರು, ರಕ್ತಕ್ಕೆ ಸೇರಿದೆ ಎಂದರು. ಒಂದು ಬೆಳಿಗ್ಗೆ ಅರ್ಧ ಲೋಟ ಕಾಫಿ ಬೇಕೆಂದ. ಅವತ್ತಿನ ನೀರಿನ ಲೆಕ್ಕದಲ್ಲಿ ಕಳೆಯಬೇಕಲ್ಲ ಎಂದು ನಾನು ಯೋಚಿಸುತ್ತಲೇ ಕ್ಯಾಂಟೀನಿಗೆ ಹೋಗಿ ತಂದೆ. ಬರುವಷ್ಟರಲ್ಲಿ ಅತ್ತಿಗೆ ಹೊರಗೆ ಬೆಂಚಿನ ಮೇಲೆ ಕೂತಿದ್ದಳು. "ಓಗ್ಬುಟ್ರು" ಎಂದಳು. ಕಾಫಿಯನ್ನು ಏನು ಮಾಡಬೇಕೆಂದು ತಿಳಿಯದೆ ಹಿಡಿದುಕೊಂಡೇ ನಿಂತಿದ್ದೆ. ನರಸೀಪುರದ ಸಂಗಮದಲ್ಲಿ ಬೂದಿ ಬಿಡಲು ಹರಿಗೋಲಿನಲ್ಲಿ ಹೋದೆವು. ಹರಿಗೋಲಿನವನು ಒಂದು ಕೈಯಲ್ಲಿ ಹುಟ್ಟು ಹಾಕುತ್ತ, ಮೊಬೈಲನ್ನು ಹೆಗಲಿಗೂ ಕಿವಿಗೂ ಸಿಕ್ಕಿಸಿಕೊಂಡು, ಮನೆಯವರಿಗೆ ಕೋಳಿ ಸಾರಿಗೆ ಖಾರ ಎಷ್ಟು ಹಾಕಬೇಕೆಂದು ಹೇಳುತ್ತಿದ್ದ. ಅಂಬಿಗರ ಬಾಯಲ್ಲಿ ಇಂಥ ಹೊತ್ತಿಗೆ ಏನಾದರೊಂದು ದೊಡ್ಡ ಮಾತು ಬರಬೇಕೆಂದು ನಾನು ಕಾದೆ. ಕೊತ್ತಂಬರಿ ಕೊನೆಗೆ ಹಾಕಬೇಕಂತೆ.

ಅಂಗಡಿ ಮುಚ್ಚುವುದೆಂದು ನೆಂಟರೆಲ್ಲ ತೀರ್ಮಾನ ಮಾಡಿದರು. ನನ್ನ ಗಂಡನೂ ಹೌದೆಂದರು. ಅತ್ತಿಗೆ ಯಾರಿಗೂ ಎದುರು ಹೇಳಲಿಲ್ಲ. ತಿಥಿ ಮುಗಿದ ಮೇಲೆ ಬೀಗದ ಕೈ ತೆಗೆದುಕೊಂಡು ಹೋಗಿ ಬಾಗಿಲು ತೆಗೆದಳು, ಅಷ್ಟೆ. ಅಣ್ಣನ ಮಂಜುಗಣ್ಣಿನ ಕಾಲದಲ್ಲಿ ತಂತಿ ಸುತ್ತುತ್ತಿದ್ದವಳು ಅವಳೇ ಎಂಬುದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಮೊನ್ನೆ ಭಾನುವಾರ ನೋಡಿಕೊಂಡು ಬರೋಣವೆಂದು ಹೋಗಿದ್ದೆ. ಸಮಾಧಾನ ಹೇಳಲು ನಾಲ್ಕು ಒಳ್ಳೆಯ ಮಾತುಗಳನ್ನು ಬಸ್ಸಿನಲ್ಲೇ ಜೋಡಿಸಿಕೊಂಡಿದ್ದೆ. ಅವಳು ಕೈತುಂಬ ಗ್ರೀಸು ಮಾಡಿಕೊಂಡು ಕೂತಿದ್ದಳು.

"ಬಾ ರತ್ನ. ಆ ದೋಣಿಯವ್ಳು ಆಮ್ಯಾಕೆ ಏನಾದ್ಲು?"

ಪುಸ್ತಕವನ್ನು ನಾನು ಅಷ್ಟರಲ್ಲಿ ಮುಗಿಸಿದ್ದೆ. ಕೊನೆಯವರೆಗೂ ಅವಳ ಸುದ್ದಿ ಮತ್ತೆ ಬರಲಿಲ್ಲ. ಹಾಗೆಂದೇ ಹೇಳಿದೆ.

"ಒಳ್ಳೇದಾಯ್ತು. ಬರ್ದಿದ್ರೆ ಅವ್ಳ್ನೂ ಸಾಯ್ಸಿರೋನು" ಎಂದು ಅತ್ತಿಗೆ ಎದ್ದು, ಸೆರಗು ಸಿಕ್ಕಿಸಿಕೊಂಡು, ಮೂಲೆಯಲ್ಲಿದ್ದ ಕೆಟ್ಟ ಮೋಟಾರಿನ ಕಡೆ ಕೈ ತೋರಿಸಿದಳು. "ಅಲ್ಲಿ ನಿಂತ್ಕೊಂಡು ಕಣ್ಣಲ್ ನೀರ್ ಹಾಕ್ಬೇಡ. ಇದ್ನ ಆ ಕಡೆಯಿಂದ ಒಂಚೂರು ಇಡ್ಕೊ."

ಹಿಡಿದುಕೊಂಡೆ. ಇಸ್ತ್ರಿ ಮಾಡಿದ ಹತ್ತಿ ಸೀರೆಗೆ ಗ್ರೀಸು ಮೆತ್ತಿಕೊಂಡಿತು, ಸೊಂಟ ಹಿಡಿದುಕೊಂಡಿತು, ಜೋಡಿಸಿಕೊಂಡು ಬಂದಿದ್ದ ನಾಲ್ಕು ಮಾತೂ ಮರೆತುಹೋದವು. "ಅಂಗಲ್ಲ, ಓಸಿ ಮ್ಯಾಕೆ" ಎಂದು ಅತ್ತಿಗೆ ಗದರಿದಳು. ಮೇಲೆ ಎತ್ತಿ ನಿಂತೆ. ಅವಳು ಸಾಕು ಅನ್ನುವವರೆಗೂ ನಿಂತಿದ್ದೆ.