ಮೇಲೆ ವಯೊಲಿನ್, ಕೆಳಗೆ ಟ್ರೋಫಿ

ಸ್ಟೀಲ್ ಪಾತ್ರೆ ಮಾರುವವನಿಗೂ ಸಂಗೀತಕ್ಕೂ ಏನು ಸಂಬಂಧ ಎಂದು ನಾನೂ ಮೊದಲು ಅಂದುಕೊಂಡಿದ್ದೆ. ಆದರೆ ಸಿಂಧನೂರಿನ ನಮ್ಮ ಅಂಗಡಿಯ ಒಂದು ಗೋಡೆ ತುಂಬ ಟ್ರೋಫಿ, ಶೀಲ್ಡುಗಳು. ಮಾಳಿಗೆಯ ಕೋಣೆಯನ್ನು ವಯೊಲಿನ್ ಮಾಸ್ತರರಿಗೆ ಬಾಡಿಗೆ ಕೊಟ್ಟಿದ್ದೇನೆ. ಮೇಲೆ ವಿದ್ಯೆ ನಡೆಯುತ್ತದೆ, ಕೆಳಗೆ ಬಹುಮಾನ ತಯಾರಾಗುತ್ತದೆ. ನಡುವೆ ಇರುವುದು ಹದಿನೆಂಟು ಮೆಟ್ಟಿಲು. ಆ ಹದಿನೆಂಟು ಮೆಟ್ಟಿಲ ಮೇಲೆ ವಾರಕ್ಕೊಂದಾದರೂ ತಮಾಷೆ ನಡೆಯದೆ ಇರುವುದಿಲ್ಲ.

೧. ಷೋಕೇಸಿನ ಅಳತೆ

ಒಬ್ಬ ತಂದೆ ಮಗನನ್ನು ಕ್ಲಾಸಿಗೆ ಸೇರಿಸಿ, ಮೆಟ್ಟಿಲಿಳಿದು ನೇರ ಅಂಗಡಿಯೊಳಗೆ ಬಂದ. ಕೈಯಲ್ಲಿ ಅಳತೆ ಟೇಪು. ಟ್ರೋಫಿಗಳನ್ನು ಒಂದೊಂದಾಗಿ ಅಳೆಯತೊಡಗಿದ.

"ಸಾವ್ಕಾರ್ರ, ಫಸ್ಟ್ ಪ್ರೈಜಿಂದು ಎಷ್ಟು ಎತ್ತರ ಇರ್ತೈತ್ರಿ?"

"ಎರಡು ಫೂಟು. ಯಾಕ್ರಿ?"

"ಹೊಸಾ ಮನಿ ಕಟ್ಟಿಸೀನ್ರಿ. ಷೋಕೇಸಿನ ಖಾನೆ ಒಂದೂವರಿ ಫೂಟ್ ಐತಿ."

"ಹುಡುಗ ಇವತ್ತ ವಾಯಲಿನ್ ಮುಟ್ಯಾನ. ಹೆಂಗ ಹಿಡೀಬೇಕಂತ ಕಲಿಯಾಕ ಆರು ತಿಂಗಳು ಹೋಗ್ತಾವ."

"ಅದನ್ನ ಮಾಸ್ತರು ನೋಡ್ಕೋತಾರ ಬಿಡ್ರಿ. ಸೆಕೆಂಡ್ ಪ್ರೈಜ್ ಎಷ್ಟೈತಿ?"

"ಒಂದೂಕಾಲು."

ಆತನ ಮುಖ ಅರಳಿತು. ಎರಡೆರಡು ಮೆಟ್ಟಿಲು ಹಾರಿ ಮೇಲೆ ಓಡಿದ. ಅವನ ದನಿ ಕೆಳಗೆ ನನಗೂ ಕೇಳಿಸಿತು:

"ಮಾಸ್ತರ್ರ, ನಮ್ಮ ಹುಡುಗನ್ನ ಸೆಕೆಂಡಿಗೇ ತಯಾರ ಮಾಡ್ರಿ. ಫಸ್ಟ್ ಬಂದ್ರ ಬಡಿಗ್ಯಾರನ್ನ ಮತ್ತ ಕರೀಬೇಕಾಗ್ತೈತಿ!"

೨. ಮೊದಲು ಮುಗಿಸು

ಮಾಸ್ತರರ ಶಿಷ್ಯರಲ್ಲಿ ಬಹುಮಾನ ನಿಜವಾಗಿ ಬೇಕಾಗಿದ್ದವಳು ಒಬ್ಬಳೇ, ಮಸ್ಕಿಯಿಂದ ಬಸ್ಸಿನಲ್ಲಿ ಬರುವ ಹುಡುಗಿ. ತಂದೆ ಅಲ್ಲಿಯ ಕಚೇರಿಯೊಂದರಲ್ಲಿ ಗುಮಾಸ್ತ. ಧಾರವಾಡದ ಕಡೆಯ ಸಂಗೀತ ಕಾಲೇಜೊಂದರಲ್ಲಿ ಹಾಸ್ಟೆಲ್ ಸಮೇತ ಸೀಟು ಸಿಗಬೇಕಾದರೆ ಸ್ಪರ್ಧೆಯಲ್ಲಿ ಮೊದಲ ಸ್ಥಾನ ಬಂದ ಸರ್ಟಿಫಿಕೇಟು ಬೇಕಿತ್ತು. ತಂದೆ ಒಂದೇ ಮಾತು ಹೇಳಿಬಿಟ್ಟಿದ್ದ: "ಈ ವರ್ಷ ಫಸ್ಟ್ ಬಂದ್ರ ಕಾಲೇಜು. ಇಲ್ಲಂದ್ರ ವಾಯಲಿನ್ ಅಟ್ಟಕ್ಕ, ನೀ ಬಿ.ಎಡ್.ಗೆ."

ಲಿಂಗಸುಗೂರಿನಲ್ಲಿ ಒಂದು ಸ್ಪರ್ಧೆ. ಶೀಲ್ಡುಗಳನ್ನು ತಲುಪಿಸಲು ನಾನೂ ಹೋಗಿದ್ದೆ. ಹತ್ತು ಗಂಟೆಗೆ ಶುರು ಎಂದಿದ್ದರು. ಎರಡು ಗಂಟೆಯವರೆಗೆ ಸಂಗೀತದ ಮಹತ್ವದ ಮೇಲೆ ಭಾಷಣಗಳೇ ಆದವು. ಮಸ್ಕಿಯ ಹುಡುಗಿ ವಯೊಲಿನ್ ಹಿಡಿದು ಕೂತದ್ದೇ ತಡ, ಸಂಘಟಕ ಓಡಿ ಬಂದ.

"ತಂಗೀ, ಊಟ ಆರಾಕತ್ತೈತಿ. ಮೂರು ನಿಮಿಷದಾಗ ಮುಗಸು."

"ಸರ್, ಆಲಾಪಕ್ಕ ಐದು ನಿಮಿಷ ಬೇಕ್ರಿ."

"ಅದು ಜೋರ್ ಬಾರಸ್ತೀರಲ್ಲ, ಮಂದಿ ಚಪ್ಪಾಳಿ ಹೊಡೀತಾರಲ್ಲ, ಅದಷ್ಟ ಬಾರಸು."

"ಅದು ಕಡೀಕ ಬರ್ತೈತ್ರಿ. ಶುರುನ ಮಾಡದ ಹೆಂಗ..."

"ಮೊದಲ ಮುಗಸವ್ವಾ. ಟೈಮ್ ಉಳದ್ರ ಆಮ್ಯಾಲೆ ಶುರು ಮಾಡೀಯಂತ!"

ಫಸ್ಟ್ ಬಂದವನು ಸಿನಿಮಾ ಹಾಡು ನುಡಿಸಿದ. ನಡುವೆ ಮರೆತಾಗ ಜನರೇ ಹಾಡಿ ಮುಗಿಸಿಕೊಟ್ಟರು. ಹುಡುಗಿಗೆ ಸಿಕ್ಕದ್ದು ಸಮಾಧಾನಕರ ಬಹುಮಾನ. ಸಮಾಧಾನ ಮಾತ್ರ ಸಂಘಟಕನಿಗಾಯಿತು. ಊಟ ಬಿಸಿ ಇತ್ತು.

೩. ದೊಡ್ಡವರ ಶಿಷ್ಯ

ನಮ್ಮೂರಿನ ಮುಖಂಡರೊಬ್ಬರಿಗೆ ಅಕ್ಕನ ಮಗನೊಬ್ಬನಿದ್ದಾನೆ. ಅವನೂ ವಯೊಲಿನ್ ಕಲಾವಿದ. ಇಪ್ಪತ್ತು ದಾಟಿದ ಪ್ರಾಯ, ಮೈತುಂಬ ಜುಬ್ಬಾ. ಒಂದು ದಿನ ಮನೆ ಬಾಗಿಲಿಗೆ ಹಾಕಲು ಹಿತ್ತಾಳೆಯ ನಾಮಫಲಕ ಬೇಕೆಂದು ಬಂದ. ಹೆಸರಿನ ಕೆಳಗೆ ಬಹಳ ದೊಡ್ಡ ವಿದ್ವಾಂಸರೊಬ್ಬರ ಹೆಸರು ಹೇಳಿ, "ಇವರ ನೇರ ಶಿಷ್ಯ ಅಂತ ಬರೀರಿ ಕಾಕಾ" ಅಂದ.

"ಎಷ್ಟು ವರ್ಷ ಕಲತೀಪಾ ಅವರ ಹಂತ್ಯಾಕ?"

"ಒಂದು ದಿನದ ಶಿಬಿರ ಇತ್ರಿ. ಮುಂದಿನ ಸಾಲಿನಾಗ ಕುಂತಿದ್ದೆ."

"ನಿನಗ ಏನು ಹೇಳಿಕೊಟ್ರು?"

ಹುಡುಗ ಎದೆ ಸೆಟೆಸಿದ. "ಫ್ಯಾನಿನ ಗಾಳಿ ಬರವಲ್ದು, ಆಕಡೆ ಸರದು ಕೂಡಪಾ ಅಂದ್ರು."

"ಅಷ್ಟನಾ?"

"ಎರಡು ಸಲ ಅಂದ್ರು, ಕಾಕಾ!"

೪. ಮೂರನೇ ನಂಬರು

ಆ ವರ್ಷದ ಕೊನೆಯ ಸ್ಪರ್ಧೆ ಸಿಂಧನೂರಿನಲ್ಲೇ. ಅಧ್ಯಕ್ಷರು ಅದೇ ಮುಖಂಡರು. ಸ್ಪರ್ಧೆಗೆ ಎರಡು ದಿನ ಮೊದಲೇ ಟ್ರೋಫಿಯ ಮೇಲೆ ಹಾಕುವ ಹೆಸರು ನನಗೆ ಕಳಿಸಿದ್ದರು. ಮೊದಲ ಬಹುಮಾನ: ಅಕ್ಕನ ಮಗ. ನಾನು ಫಲಕ ಮಾಡಿಸಿದೆ. ಆದರೆ ನನ್ನದೊಂದು ರೂಢಿ ಇದೆ. ಕಾರ್ಯಕ್ರಮ ಮುಗಿಯುವವರೆಗೆ ಯಾವ ಫಲಕವನ್ನೂ ಪೂರ್ತಿ ಒತ್ತುವುದಿಲ್ಲ. ಒಂದು ಮೂಲೆ ಅಂಟಿಸಿ ಬಿಡುತ್ತೇನೆ. ಮುಖಂಡರ ಅಕ್ಕತಂಗಿಯರು ಬಹಳ, ಮಕ್ಕಳು ಇನ್ನೂ ಬಹಳ.

ಹೊರ ಊರಿನಿಂದ ಬಂದ ತೀರ್ಪುಗಾರರು ಖಡಕ್ ಮನುಷ್ಯ. "ಮುಖ ನೋಡಿ ಅಂಕ ಕೊಡುವುದು ಬೇಡ. ವೇದಿಕೆಗೆ ಪರದೆ ಕಟ್ಟಿ, ಹೆಸರು ಹೇಳದೆ ಒಬ್ಬೊಬ್ಬರನ್ನೇ ಕೂಡಿಸಿ" ಅಂದರು. ಮುಖಂಡರು ಸಂತೋಷದಿಂದ ಒಪ್ಪಿದರು. ನಾಲ್ಕು ಜನ ಸ್ಪರ್ಧಿಗಳಲ್ಲಿ ತಮ್ಮ ಹುಡುಗ ಮೂರನೆಯವನು ಎಂದು ಅವರಿಗೆ ಗೊತ್ತಿತ್ತಲ್ಲ!

ಇಬ್ಬರದು ಮುಗಿಯಿತು. ಮೂರನೆಯವನು ಎದುರಿನ ಬಂಡಿಗೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿನ್ನಲು ಹೋಗಿದ್ದ. "ಯಾರು ತಯಾರಿದ್ದಾರೋ ಅವರನ್ನು ಕಳಿಸಿ" ಎಂದರು ತೀರ್ಪುಗಾರರು. ಮಾಸ್ತರರು ನಾಲ್ಕನೆಯವಳನ್ನು, ಅಂದರೆ ಮಸ್ಕಿಯ ಹುಡುಗಿಯನ್ನು, ಪರದೆಯ ಹಿಂದೆ ಕೂಡಿಸಿದರು. ಟ್ರೋಫಿ ಕಾಯುತ್ತ ವೇದಿಕೆಯ ಪಕ್ಕದಲ್ಲಿ ನಿಂತಿದ್ದ ನನಗೆ ಕಂಡಿತು. ಮುಂದಿನ ಸೋಫಾದಲ್ಲಿದ್ದ ಮುಖಂಡರಿಗೆ ಕಾಣಲಿಲ್ಲ.

ಹುಡುಗಿ ಆಲಾಪ ಶುರು ಮಾಡಿದಳು. ಐದು ನಿಮಿಷಕ್ಕೆ ಕಾರ್ಯಕರ್ತನೊಬ್ಬ ಗಂಟೆ ಎತ್ತಿದ.

"ಲೇ, ಗಂಟಿ ಬಾರಿಸಿದ್ರ ನೋಡು!" ಮುಖಂಡರು ಗದರಿದರು. "ಎಷ್ಟೊತ್ತರ ಆಗ್ಲಿ!"

ಹುಡುಗಿಗೆ ಜನ್ಮದಲ್ಲಿ ಮೊದಲ ಸಲ ಶುರುವಿನಿಂದ ಕೊನೆಯವರೆಗೆ ನುಡಿಸಲು ಸಿಕ್ಕಿತು. ಮುಖಂಡರು ಕಣ್ಣು ಒರೆಸಿಕೊಂಡು ನನ್ನತ್ತ ತಿರುಗಿದರು: "ಸಾವ್ಕಾರ್ರ, ಹೆಂಗ ಬಾರಸಾಕತ್ಯಾನ ನೋಡ್ರಿ!"

"ಇಷ್ಟು ಚಂದ ನಾ ಎಂದೂ ಕೇಳಿಲ್ರಿ" ಅಂದೆ. ಅದರಲ್ಲಿ ಸುಳ್ಳೇನಿರಲಿಲ್ಲ.

ಮುಗಿದದ್ದೇ ತಡ, ಅವರು ವೇದಿಕೆಗೆ ನುಗ್ಗಿ ಮೈಕು ಕಸಿದುಕೊಂಡರು. "ಫಸ್ಟ್ ಇದನ! ಇದು ಕಲತ್ರ ಬರೂದಲ್ಲ, ರಕ್ತದಾಗ ಇರಬೇಕು! ನಮ್ಮ ಮನಿ ರಕ್ತ!" ತೀರ್ಪುಗಾರರೂ ತಲೆಯಾಡಿಸಿ, "ನನ್ನ ಅಂಕವೂ ಇದಕ್ಕೇ ಹೆಚ್ಚು. ಇದನ್ನು ಮೀರಿಸುವುದು ಇನ್ನು ಕಷ್ಟ" ಅಂದರು. ಮುಖಂಡರು ತಮ್ಮ ಕೈಯಾರೆ ಪರದೆ ಸರಿಸಿದರು.

ಒಳಗೆ ಮಸ್ಕಿಯ ಹುಡುಗಿ ಕೈಮುಗಿದು ಕೂತಿದ್ದಳು.

ಆದರೆ ಮುಖಂಡರು ಹಳೆಯ ಹುಲಿ. "ನಮ್ಮ ಮನಿ ಅಂದ್ರ ನಮ್ಮ ಜಿಲ್ಲಾ ರೀ! ಮಸ್ಕಿ ಬ್ಯಾರೆ ತಾಲ್ಲೂಕ ಆದ್ರೇನು, ರಕ್ತ ಒಂದ!" ಅಂದರು. ಚಪ್ಪಾಳೆ ಮುಗಿಯುವಷ್ಟರಲ್ಲಿ ನಾನು ಟ್ರೋಫಿಯ ಫಲಕ ಕಿತ್ತು ಜೇಬಿಗೆ ಹಾಕಿದ್ದೆ. ತೀರ್ಪುಗಾರರು ಸರದಿಗೆ ಬಾರದ ಸ್ಪರ್ಧಿಯನ್ನು ಕೈಬಿಟ್ಟು, ಅಲ್ಲೇ ಸರ್ಟಿಫಿಕೇಟಿನಲ್ಲಿ ಹುಡುಗಿಯ ಹೆಸರು ಬರೆದರು. ಹಿಂದಿನ ಸಾಲಿನಲ್ಲಿ ಅವಳ ತಂದೆ ಬಿ.ಎಡ್. ಅರ್ಜಿಯನ್ನು ಮಡಚಿ, ಅದರಿಂದಲೇ ಗಾಳಿ ಬೀಸಿಕೊಳ್ಳುತ್ತಿದ್ದ.

ಅಷ್ಟರಲ್ಲಿ ಅಕ್ಕನ ಮಗ, ಎಣ್ಣೆಗೈಯನ್ನು ಜುಬ್ಬಾಕ್ಕೆ ಒರೆಸುತ್ತ ಓಡಿ ಬಂದ.

"ಮಾಮಾ, ನನ್ನ ನಂಬರ್ ಬಂತೇನು?"

ಮುಖಂಡರು ಅವನ ಹೆಗಲ ಮೇಲೆ ಕೈಯಿಟ್ಟರು.

"ಬಂತಪಾ. ಬಂದು, ಬಾರಿಸಿ, ಫಸ್ಟೂ ಆತು. ನೀ ಹೋಗಿ ಇನ್ನೊಂದು ಪ್ಲೇಟ್ ತಿನ್ನು."