ಅತ್ತೆಯ ಉಸಿರು, ನನ್ನ ಹೆಬ್ಬೆರಳು

ನಾವು ದೋಣಿಯಲ್ಲಿ ಸಂಸಾರ ಮಾಡುತ್ತೇವೆ ಎಂದು ಹೇಳಿದರೆ ಸಾಕು, ಕೇಳಿದವರ ಕಣ್ಣು ಅರಳುತ್ತದೆ. ಕಿಟಕಿ ತೆಗೆದರೆ ಹೊಳೆ, ಬಾಗಿಲು ತೆಗೆದರೆ ಗಾಳಿ, ನಿಮ್ಮಂಥ ಪುಣ್ಯವಂತರಿಲ್ಲ ಎಂದು ಅವರೇ ವರ್ಣಿಸತೊಡಗುತ್ತಾರೆ. ಬಾಗಿಲು ತೆಗೆದ ಮೇಲೆ ಎರಡನೆಯ ಹೆಜ್ಜೆಯನ್ನು ನೋಡಿ ಇಡಬೇಕು ಎಂಬುದನ್ನು ಮಾತ್ರ ಯಾರೂ ವರ್ಣಿಸುವುದಿಲ್ಲ. ನನ್ನ ಹೆಂಡತಿಯಂತೂ ಈ ಎರಡು ವರ್ಷದಲ್ಲಿ ಏನನ್ನೂ ವರ್ಣಿಸಿಲ್ಲ. ದೋಣಿ ನನ್ನ ಐಡಿಯಾ. (ನಮ್ಮ ಮನೆಯಲ್ಲಿ 'ನಿಮ್ಮ ಐಡಿಯಾ' ಎಂಬುದು ಬೈಗುಳ.)

ನಾನು ಪುಸ್ತಕಗಳ ಕರಡು ತಿದ್ದುವವನು. ಕೆಲಸ ಮನೆಯಲ್ಲೇ, ಅಂದರೆ ನೀರಿನ ಮೇಲೆಯೇ. ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ದಿನವಿಡೀ ರೋಗಿಗಳನ್ನು ನೋಡಿ ಸಂಜೆ ಬಂದು ನನ್ನನ್ನು ನೋಡುತ್ತಾಳೆ. ನೋಟದಲ್ಲಿ ಅಂಥ ವ್ಯತ್ಯಾಸವೇನೂ ಇರುವುದಿಲ್ಲ.

ಹೋದ ತಿಂಗಳು ಅತ್ತೆಯವರು, ಎಂದರೆ ಅವಳ ತಾಯಿ, ಒಂದು ವಾರ ಇದ್ದುಹೋಗಲು ಮೊದಲ ಸಲ ದೋಣಿಗೆ ಬಂದರು. ಅವರಿಗೆ ಉಬ್ಬಸ. ದಿನಕ್ಕೆರಡು ಸಲ ನೆಬ್ಯುಲೈಸರ್ ಎಂಬ ಪುಟ್ಟ ಯಂತ್ರದ ಕೊಳವೆಯನ್ನು ಮೂಗಿಗೆ ಇಟ್ಟುಕೊಳ್ಳುತ್ತಾರೆ. ಅದು ಔಷಧಿಯನ್ನು ಮಂಜಿನಂತೆ ಮಾಡಿ ಎದೆಯೊಳಕ್ಕೆ ಕಳಿಸುತ್ತದೆ. ಅತ್ತೆ ಅದನ್ನು 'ಉಸಿರು ಮಿಷನ್' ಎನ್ನುತ್ತಾರೆ.

ಉಸಿರು ಮಿಷನ್ನಿಗೆ ಕರೆಂಟು ಬೇಕು, ಮತ್ತು ನಮ್ಮ ದೋಣಿಯ ಕರೆಂಟೆಲ್ಲ ಹಿಂಭಾಗದ ಗೂಡಿನಲ್ಲಿ ಕುಳಿತಿರುವ ಇನ್ವರ್ಟರಿನ ಕೃಪೆ. ದಡದಿಂದ ವೈರಿನಲ್ಲಿ ಬಂದ ಕರೆಂಟನ್ನು ಬ್ಯಾಟರಿಗೆ ತುಂಬುವುದೂ ಅದೇ, ಬ್ಯಾಟರಿಯಿಂದ ತೆಗೆದು ದೀಪಕ್ಕೆ ಫ್ಯಾನಿಗೆ ಬಡಿಸುವುದೂ ಅದೇ. ಅದು ಮುನಿಸಿಕೊಂಡರೆ ದಡದ ಕರೆಂಟು ಕೂಡ ನಮ್ಮ ಹೊಸ್ತಿಲು ದಾಟುವುದಿಲ್ಲ. ಅಂಥ ಮಹಾಯಂತ್ರದ ಮುಖದ ಮೇಲೆ ಕೋಟಿನ ಗುಂಡಿಯಷ್ಟು ಒಂದು ಸ್ವಿಚ್ಚು. ಮೇಲಕ್ಕೆ ಒತ್ತಿದರೆ ಆನ್, ನಡುವೆ ಆಫ್, ಕೆಳಕ್ಕೆ ಒತ್ತಿದರೆ ಬ್ಯಾಟರಿ ಚಾರ್ಜ್ ಮಾತ್ರ. ಅತ್ತೆ ಬಂದ ಮೂರನೆಯ ದಿನ ಬೆಳಿಗ್ಗೆ ಆ ಸ್ವಿಚ್ಚು ಕೈಕೊಡಲು ಶುರುಮಾಡಿತು.

"ರೀ, ಲೈಟು ಮತ್ತೆ ಮಿಣುಕ್ತಿದೆ" ಎಂದಳು ಹೆಂಡತಿ, ಡ್ಯೂಟಿಗೆ ಹೊರಟವಳು. "ಆ ಸ್ವಿಚ್ ಅಲ್ಲಾಡಿಸಿದ್ರೆ ಬರುತ್ತೆ, ಬಿಟ್ರೆ ಹೋಗುತ್ತೆ. ಇವತ್ತೇ ಫ್ಯೂಸಣ್ಣನಿಗೆ ಹೇಳಿ."

ಫ್ಯೂಸಣ್ಣ ಎಂದರೆ ದೋಣಿಕಟ್ಟೆಯ ಕರೆಂಟ್ ಮೇಸ್ತ್ರಿ. ಅವನ ನಿಜವಾದ ಹೆಸರು ಕಟ್ಟೆಯಲ್ಲಿ ಯಾರಿಗೂ ಗೊತ್ತಿಲ್ಲ.

"ಹೇಳ್ತೀನಿ."

"ಹೇಳ್ತೀರಾ, ಇಲ್ಲ ನೀವೇ ಬಿಚ್ತೀರಾ?"

"ನಾನ್ಯಾಕೆ ಬಿಚ್ಚಲಿ?"

"ಮಿಕ್ಸಿ ಯಾಕೆ ಬಿಚ್ಚಿದ್ರಿ?"

ಮಿಕ್ಸಿಯ ಮಾತು ಬಂದರೆ ನಾನು ವಾದ ಮುಂದುವರಿಸುವುದಿಲ್ಲ.

"ಅಮ್ಮನ ಮಿಷನ್ ನಿಂತ್ರೆ ಏನಾಗುತ್ತೆ ಅಂತ ಗೊತ್ತಲ್ಲ. ನಾನು ಬರೋಕೆ ಅರ್ಧ ಗಂಟೆ ಬೇಕು" ಎಂದು ಹೇಳಿ, ದೋಣಿಗೂ ದಡಕ್ಕೂ ನಡುವೆ ಹಾಕಿದ ಹಲಗೆ ದಾಟಿ, ಆಚೆ ನಿಂತು ಇನ್ನೊಮ್ಮೆ ತಿರುಗಿ ನೋಡಿ ಹೋದಳು.

ನಾನು ಫ್ಯೂಸಣ್ಣನಿಗೆ ಹೇಳಲೆಂದೇ ಫೋನನ್ನು ಕೈಗೆತ್ತಿಕೊಂಡೆ. ಆಗ ಯೋಚನೆ ಬಂತು. ಅವನು ಬರುತ್ತಾನೆ, ನೋಡುತ್ತಾನೆ, ಐದು ನಿಮಿಷದಲ್ಲಿ ಸರಿಮಾಡಿ ಒಂದು ನಗು ನಕ್ಕು ಹೋಗುತ್ತಾನೆ. ಆ ನಗುವನ್ನು ನನ್ನ ಹೆಂಡತಿ ಒಂದು ವರ್ಷ ಜೋಪಾನವಾಗಿ ಇಟ್ಟುಕೊಳ್ಳುತ್ತಾಳೆ. ಅಷ್ಟಕ್ಕೂ ಇದು ಬರಿಯ ಸ್ವಿಚ್ಚು. ಮಿಕ್ಸಿಯಷ್ಟು ಭಾಗಗಳೂ ಇಲ್ಲ. ಫೋನನ್ನು ಕೆಳಗಿಟ್ಟೆ.

ಇನ್ವರ್ಟರಿನ ಜೊತೆ ಬಂದಿದ್ದ ಪುಸ್ತಕವನ್ನು ಮೊದಲು ಓದಿದೆ. ಅದರಲ್ಲಿ ಹನ್ನೊಂದು ಅಚ್ಚಿನ ತಪ್ಪುಗಳು ಸಿಕ್ಕವು. ಅವನ್ನು ತಿದ್ದಿ, ವಿಚಾರಣೆ ಆರಂಭಿಸಿದೆ. ಬ್ಯಾಟರಿಗೆ ಮೀಟರ್ ಹಿಡಿದೆ: ಹನ್ನೆರಡು ಪಾಯಿಂಟ್ ಏಳು, ನಿರಪರಾಧಿ. ಫ್ಯೂಸು ನೋಡಿದೆ: ಗಟ್ಟಿಯಾಗಿತ್ತು. ದಡದ ವೈರು ಸರಿಯಿತ್ತು. ಇನ್ವರ್ಟರಿನ ಸ್ಥಿತಿ ತೋರಿಸುವ, ಒಳಗಿನ ಗೋಡೆಯಲ್ಲಿರುವ ಪುಟ್ಟ ಪ್ಯಾನೆಲ್ಲಿನ ಮೇಲೆ ಅನುಮಾನ ಬಂದು ಅದರ ವೈರನ್ನೂ ಕಿತ್ತು ನೋಡಿದೆ. ದೀಪ ಮಿಣುಕುತ್ತಲೇ ಇತ್ತು. ಉಳಿದ ಆರೋಪಿ ಒಂದೇ. ಬ್ಯಾಟರಿಯ ದೊಡ್ಡ ಗುಂಡಿಯನ್ನು ತಿರುಗಿಸಿ ಆರಿಸಿ, ದಡದ ಪ್ಲಗ್ ಎಳೆದು (ಇಷ್ಟನ್ನು ಪುಸ್ತಕ ಕೆಂಪಕ್ಷರದಲ್ಲಿ ಹೇಳಿತ್ತು, ಮತ್ತು ತಪ್ಪಿಲ್ಲದೆ ಹೇಳಿತ್ತು), ಸ್ವಿಚ್ಚನ್ನು ಹೊರಗೆ ತೆಗೆದು ಬಿಚ್ಚಿದೆ. ಒಳಗಿನ ತಾಮ್ರದ ತುದಿಗಳು ನೀರಿನ ತೇವಕ್ಕೆ ಕಪ್ಪಾಗಿದ್ದವು. ಕರಡು ತಿದ್ದುವ ರಬ್ಬರಿನಿಂದ ಅವನ್ನು ಉಜ್ಜಿದೆ. ಫಳಫಳ ಹೊಳೆದವು. ನನ್ನ ಜೀವನದಲ್ಲಿ ಅಷ್ಟು ಸಂತೋಷವಾದ ಗಳಿಗೆಗಳು ಕಡಿಮೆ.

ಮತ್ತೆ ಜೋಡಿಸುವಾಗ ಅಕ್ಕಿಕಾಳಿನಷ್ಟು ಉದ್ದದ ಒಂದು ಸ್ಪ್ರಿಂಗು ಟಿಂಗ್ ಎಂದು ಹಾರಿತು. ನನ್ನ ಕಿವಿಯ ಪಕ್ಕದಲ್ಲೇ ಹೋಯಿತು. ಗೂಡಿನ ಮುಚ್ಚಳ ತೆರೆದಿತ್ತು. ಮುಚ್ಚಳದಾಚೆ ಹೊಳೆ ಇತ್ತು.

ಸ್ಪ್ರಿಂಗಿಲ್ಲದ ಸ್ವಿಚ್ಚನ್ನೇ ಜೋಡಿಸಿ, ಪ್ಲಗ್ಗು ಗುಂಡಿಗಳನ್ನೆಲ್ಲ ಮೊದಲಿನಂತೆ ಮಾಡಿ ಒತ್ತಿದೆ. ಇನ್ವರ್ಟರ್ ಗುಂಯ್ ಎಂದಿತು. ಬೆರಳು ತೆಗೆದೆ. ಸುಮ್ಮನಾಯಿತು. ಮತ್ತೆ ಒತ್ತಿದೆ, ಗುಂಯ್. ತೆಗೆದೆ, ಸುಮ್ಮನೆ. ಬೆಳಿಗ್ಗೆ ಅಲ್ಲಾಡಿಸಿದರೆ ಬರುತ್ತಿದ್ದ ಕರೆಂಟು ಈಗ ಹೆಬ್ಬೆರಳನ್ನು ಮೇಲಕ್ಕೆ ಒತ್ತಿ, ಒಂದಿಷ್ಟು ಎಡಕ್ಕೆ ವಾಲಿಸಿ, ಹಾಗೇ ಹಿಡಿದುಕೊಂಡರೆ ಮಾತ್ರ ಬರುತ್ತಿತ್ತು. ಪೆನ್ಸಿಲ್ ಸಿಕ್ಕಿಸಿದೆ, ಮುರಿಯಿತು. ಬಟ್ಟೆಯ ಕ್ಲಿಪ್ಪು ಹಾಕಿದೆ, ಜಾರಿತು. ಟೇಪು ಸುತ್ತಿದೆ, ಅದು ನನಗೆ ಅಂಟಿಕೊಂಡಷ್ಟು ಸ್ವಿಚ್ಚಿಗೆ ಅಂಟಲಿಲ್ಲ. ಸಂಜೆಯ ಮಿಷನ್ನಿಗೆ ಇನ್ನೂ ನಾಲ್ಕು ಗಂಟೆ ಇದೆ, ಅಷ್ಟರಲ್ಲಿ ಫ್ಯೂಸಣ್ಣನ ಕಾಲು ಹಿಡಿದರಾಯಿತು ಎಂದು ಬೆವರು ಒರೆಸಿಕೊಂಡು ಒಳಗೆ ಬಂದೆ.

ಅತ್ತೆ ಮಂಚದ ಮೇಲೆ ಎದ್ದು ಕುಳಿತಿದ್ದರು. ಎದೆಯಿಂದ ಸಣ್ಣಗೆ ಸಿಳ್ಳೆ ಹೊಡೆದಂಥ ಸದ್ದು ಬರುತ್ತಿತ್ತು.

"ಯಾಕತ್ತೆ?"

"ಏನಿಲ್ಲ. ಇವತ್ತು ಸ್ವಲ್ಪ ಬೇಗ ಹಿಡ್ಕೊಂಡಿದೆ."

ಒಂದೊಂದು ಮಾತಿಗೂ ನಿಂತು ಉಸಿರೆಳೆಯುತ್ತಿದ್ದರು.

"ಆಸ್ಪತ್ರೆಗೆ ಹೋಗೋಣ್ವಾ?"

"ಅಷ್ಟೆಲ್ಲ ಬೇಡ. ಮಿಷನ್ ಹತ್ತು ನಿಮಿಷ ಇಟ್ಕೊಂಡ್ರೆ ಇಳಿಯುತ್ತೆ. ಕರೆಂಟ್ ಇದೆ ತಾನೆ?"

"ಇದೆ ಅತ್ತೆ. ಇದ್ದೇ ಇದೆ. ಯಾಕಿರಲ್ಲ?" ಎಂದೆ. "ನೀವು ಇಟ್ಕೊಳ್ತಿರಿ, ನಾನು ಒಂದ್ನಿಮಿಷ ಹೋಗಿ ಫ್ಯೂಸಣ್ಣನ್ನ ಕರ್ಕೊಂಡು ಬರ್ತೀನಿ."

ಅವರು ಒಂದು ಕ್ಷಣ ನನ್ನ ಮುಖ ನೋಡಿ ತಲೆಯಾಡಿಸಿದರು. ನಾನು ಹಲಗೆಯ ಕಡೆ ಎರಡು ಹೆಜ್ಜೆ ಜೋರಾಗಿ ಇಟ್ಟು, ಹಿಂದಕ್ಕೆ ಬೆಕ್ಕಿನಂತೆ ಬಂದು, ಹೊರಗಿನ ಮುಚ್ಚಳದಿಂದ ಗೂಡಿನೊಳಕ್ಕೆ ಇಳಿದೆ. ಕುಕ್ಕರುಗಾಲಿನಲ್ಲಿ ಕುಳಿತು, ಮಂಡಿಯನ್ನು ಗಲ್ಲಕ್ಕೆ ತಗುಲಿಸಿಕೊಂಡು, ಹೆಬ್ಬೆರಳನ್ನು ಮೇಲಕ್ಕೆ ಒತ್ತಿ, ಎಡಕ್ಕೆ ವಾಲಿಸಿದೆ. ಗುಂಯ್ ಎಂದಿತು. ನನಗೂ ಅತ್ತೆಗೂ ನಡುವೆ ಒಂದು ತೆಳುವಾದ ಹಲಗೆಗೋಡೆ, ಅದರಲ್ಲಿ ಒಂದು ಪುಟ್ಟ ಬಾಗಿಲು. ಕೈ ಬಿಟ್ಟರೆ ಅತ್ತೆಯನ್ನೇ ಕೈಬಿಟ್ಟಂತೆ. ಉಸಿರೆತ್ತುವ ಹಾಗೂ ಇಲ್ಲ, ಅವರಿಗೆ ಕೇಳಿಸಿಬಿಡುತ್ತದೆ.

ಎಷ್ಟು ಹೊತ್ತಾಯಿತೋ ತಿಳಿಯದು. ಇನ್ವರ್ಟರಿನ ಫ್ಯಾನು ಬಿಸಿಗಾಳಿಯನ್ನು ನೇರವಾಗಿ ನನ್ನ ಮುಖಕ್ಕೇ ಊದುತ್ತಿತ್ತು. ಮೊದಲು ಬೆರಳು ನೋಯಿತು, ಆಮೇಲೆ ಮೊಣಕೈ, ಆಮೇಲೆ ಯಾವುದು ನೋಯುತ್ತಿದೆ ಎಂದು ಲೆಕ್ಕ ತಪ್ಪಿತು. ಗುಂಯ್‌ಗುಟ್ಟುವ ಸದ್ದಿನಲ್ಲಿ ಇನ್ವರ್ಟರ್ ಯಾವುದು, ಅತ್ತೆಯ ಮಿಷನ್ ಯಾವುದು ಎಂದು ಬೇರೆ ಮಾಡಲು ಆಗಲಿಲ್ಲ. ಆಚೆಯಿಂದ ಕೆಮ್ಮು ಬಂದಾಗೆಲ್ಲ ಇನ್ನಷ್ಟು ಗಟ್ಟಿಯಾಗಿ ಒತ್ತಿದೆ, ನಾನು ಒತ್ತಿದಷ್ಟೂ ಅವರಿಗೆ ಹೆಚ್ಚು ಉಸಿರು ಹೋಗುತ್ತದೆ ಎನ್ನುವ ಹಾಗೆ.

ಅಷ್ಟರಲ್ಲಿ ಆಚೆ ಫೋನ್ ಬಂತು. ಅತ್ತೆಗೆ ಫೋನಿನಲ್ಲಿ ಮಾತು ಸರಿಯಾಗಿ ಕೇಳಿಸುವುದಿಲ್ಲ. ಸ್ಪೀಕರ್ ಹಾಕಿಯೇ ಮಾತಾಡುತ್ತಾರೆ. ನನ್ನ ಹೆಂಡತಿಯ ದನಿ.

"ಹೇಗಿದ್ದೀಯಮ್ಮ?"

"ಸ್ವಲ್ಪ ಹಿಡ್ಕೊಂಡಿತ್ತು. ಈಗ ಪರವಾಗಿಲ್ಲ."

"ಅವರೆಲ್ಲಿ?"

"ಮೇಸ್ತ್ರಿನ ಕರ್ಕೊಂಡು ಬರೋಕೆ ಹೋಗಿದ್ದಾರೆ."

"ಇಷ್ಟೊತ್ತಿಗಾ?" ಒಂದು ನಿಟ್ಟುಸಿರು. "ಅಮ್ಮ, ನಾನು ಹೇಳಿದ್ದು ಅವರ ಹತ್ರ ಆಡಿದ್ಯಾ?"

"ಇಲ್ಲ ಕಣೆ. ಬಾಯೇ ಬರಲಿಲ್ಲ."

"ದೋಣಿಲಿ ನಂಗೆ ಉಸಿರಾಡೋಕೆ ಆಗ್ತಿಲ್ಲ ಅಂದ್ಬಿಡು, ಸಾಕು. ನನ್ನ ಮಾತು ಕೇಳಲ್ಲ, ನಿನ್ನ ಮಾತಿಗಾದ್ರೆ ದಡಕ್ಕೆ ಬರ್ತಾರೆ. ಎರಡು ವರ್ಷದಿಂದ ಡ್ಯೂಟಿಲಿ ನಿಂತ್ಕೊಂಡು ಇದೇ ಭಯ ನಂಗೆ. ಗಾಳಿ ಜೋರಾದ್ರೆ ಭಯ. ಮನೆಯಿಂದ ಫೋನ್ ಬಂದ್ರೆ ಭಯ, ಬರದಿದ್ರೆ ಇನ್ನೂ ಭಯ."

"ಉಸಿರಾಟ ಚೆನ್ನಾಗೇ ಇದ್ಯಲ್ಲೇ ಇಲ್ಲಿ. ಇವತ್ತೊಂದು ದಿನ ಹೀಗಾಯ್ತು. ಇಲ್ಲದ್ದನ್ನ ಹೇಗೆ ಹೇಳಲಿ?"

ಇಂಥ ಪಿತೂರಿ ಕಿವಿಗೆ ಬಿದ್ದಾಗ ಗಂಡಸಾದವನಿಗೆ ಸಿಟ್ಟು ಬರಬೇಕು. ಬರಲೆಂದು ಕಾದೆ. ಬರಲಿಲ್ಲ. ಅತ್ತೆಯ ಎದೆಯ ಸಿಳ್ಳೆ ಕೇಳಿ ನನಗೆ ಇಷ್ಟು ಹೊತ್ತಿನಿಂದ ಆಗುತ್ತಿದ್ದ ದಿಗಿಲನ್ನು ಅವಳು ಎರಡು ವರ್ಷದಿಂದ ಟಿಫಿನ್ ಡಬ್ಬಿಯ ಜೊತೆ ದಿನಾ ಹೊತ್ತುಕೊಂಡು ಹೋಗುತ್ತಿದ್ದಳು. ಒಂದು ದಿನವೂ ನಾನು ಕೇಳಿರಲಿಲ್ಲ. ಆ ಗೂಡಿನಲ್ಲಿ, ಬಗ್ಗಿದ ಬೆನ್ನಿನಲ್ಲೇ, ದಡಕ್ಕೆ ಹೋಗಿಬಿಡೋಣ ಎಂದು ತೀರ್ಮಾನಿಸಿದೆ.

ಹಲಗೆಯ ಮೇಲೆ ಬೂಟಿನ ಸದ್ದಾಯಿತು.

"ಅಮ್ಮಾ, ನಾನು, ಫ್ಯೂಸಣ್ಣ. ನರ್ಸಮ್ಮ ಬೆಳಿಗ್ಗೆನೇ ಫೋನ್ ಮಾಡಿದ್ರು. ಈಗ ಬಿಡುವಾಯ್ತು."

"ನಮ್ಮ ಅಳಿಯಂದಿರು ನಿಮ್ಮನ್ನೇ ಹುಡುಕ್ಕೊಂಡು ಹೋದ್ರಲ್ಲ?"

"ಯಾರೂ ಬರ್ಲಿಲ್ವಲ್ಲಮ್ಮ. ಅಂಗಡಿಲೇ ಇದ್ದೆ. ಇನ್ವರ್ಟರ್ ಈ ಬಾಗಿಲೊಳಗೆ ತಾನೆ?"

ಬೇಡ ಎನ್ನಲು ಬಾಯಿ ತೆರೆದೆ. ಬಾಗಿಲು ಅದಕ್ಕಿಂತ ಮೊದಲು ತೆರೆಯಿತು. ಟಾರ್ಚಿನ ಬೆಳಕು ನನ್ನ ಮಂಡಿಯ ಮೇಲೆ, ಆಮೇಲೆ ಗಲ್ಲದ ಮೇಲೆ, ಆಮೇಲೆ ಹೆಬ್ಬೆರಳಿನ ಮೇಲೆ ಬಿತ್ತು.

"ನಮಸ್ಕಾರ ಸಾರ್" ಎಂದ ಫ್ಯೂಸಣ್ಣ, ಬಹಳ ಮರ್ಯಾದೆಯಿಂದ. "ಸ್ವಲ್ಪ ಕೈ ತೆಗೀತೀರಾ?"

"ಆಗಲ್ಲ. ಅತ್ತೆಯವರ ಮಿಷನ್ ನಿಂತುಹೋಗುತ್ತೆ."

ಅತ್ತೆ ಅವನ ಹೆಗಲ ಮೇಲಿಂದ ಬಗ್ಗಿ ನೋಡಿದರು. "ಮಿಷನ್ ಆಗಲೇ ಮುಗೀತಲ್ಲ. ಅರ್ಧ ಗಂಟೆ ಆಯ್ತು. ಅದೂ ಸೆಲ್ ಹಾಕ್ಕೊಂಡು ಇಟ್ಕೊಂಡೆ. ಸೆಲ್ಲಿನಲ್ಲೂ ಓಡುತ್ತೆ ಅದು."

"ಸೆಲ್ಲಾ? ಕರೆಂಟಿದೆ ಅಂದಿದ್ನಲ್ಲ ಅತ್ತೆ."

"ನೀವು 'ಇದ್ದೇ ಇದೆ' ಅಂದ ಧಾಟಿಗೇ ಇಲ್ಲ ಅಂತ ಗೊತ್ತಾಯ್ತು."

"ಹಾಗಾದ್ರೆ ಇಷ್ಟು ಹೊತ್ತು ನಾನು ಒತ್ತಿ ಹಿಡಿದ ಕರೆಂಟಲ್ಲಿ ಓಡಿದ್ದೇನು?"

ಅತ್ತೆ ದೋಣಿಯನ್ನೆಲ್ಲ ಒಮ್ಮೆ ಸುತ್ತಿ ನೋಡಿ ಬಂದು ಪ್ರಾಮಾಣಿಕವಾಗಿ ಹೇಳಿದರು: "ಬಚ್ಚಲುಮನೆ ಲೈಟು ಉರೀತಿದೆ."

ಮಂಚದ ಮೇಲಿದ್ದ ಫೋನಿನಿಂದ ಒಂದು ದನಿ ಬಂತು. ಅತ್ತೆ ಅದನ್ನು ಆರಿಸಿರಲಿಲ್ಲ. "ಅಮ್ಮ, ಅವರು ಅಲ್ಲೇ ಒಳಗಿದ್ರಾ? ಆಗಿನಿಂದಾನಾ?"

ಅಳಿಯನೆಂಬ ಪ್ರಾಣಿ ಆ ಗಳಿಗೆಯಲ್ಲಿ ಅಳಿಯದೆ ಉಳಿದದ್ದೇ ಆಶ್ಚರ್ಯ.

ಫ್ಯೂಸಣ್ಣ ಹೊಸ ಸ್ವಿಚ್ಚು ಹಾಕಲು ಸರಿಯಾಗಿ ಐದು ನಿಮಿಷ ತೆಗೆದುಕೊಂಡ. "ಇನ್ಮೇಲೆ ಇದನ್ನ ಮುಟ್ಟಲ್ಲ ತಾನೆ ಸಾರ್?" ಎಂದ. ಮುಟ್ಟುವುದಿಲ್ಲ ಎಂದೆ. ಅವನು ನಗಲಿಲ್ಲ. ಕಟ್ಟೆಯ ಮೇಲೆ ಹೋಗಿ ನಗಲೆಂದು ಇಟ್ಟುಕೊಂಡಿದ್ದ.

ಸಂಜೆ ಹೆಂಡತಿ ಬಂದಳು. ಬೈಯುತ್ತಾಳೆಂದು ಮೈ ಗಟ್ಟಿಮಾಡಿಕೊಂಡು ಕುಳಿತಿದ್ದೆ. ಬೈಯಲಿಲ್ಲ, ಅದರಿಂದ ನನ್ನ ಹೆದರಿಕೆ ಹೆಚ್ಚಾಯಿತು. ತಾಯಿಯ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿದಳು. ಆಮೇಲೆ ನನ್ನ ಹೆಬ್ಬೆರಳನ್ನು ಹಿಡಿದು ಮಡಿಸಿ ಬಿಡಿಸಿ ನೋಡಿದಳು. ನಾನು ಮಧ್ಯಾಹ್ನದಿಂದ ಸಿದ್ಧಮಾಡಿಟ್ಟುಕೊಂಡಿದ್ದ ಭಾಷಣವನ್ನು ತೆಗೆದೆ.

"ನೋಡು, ನಾನು ಎಲ್ಲ ಕೇಳಿಸ್ಕೊಂಡೆ. ನಂಗೆ ಬೇಜಾರಿಲ್ಲ. ನಿನ್ನ ಭಯ ನಂಗೆ ಇವತ್ತು ಅರ್ಥ ಆಯ್ತು. ನಾವು ದಡಕ್ಕೆ ಹೋಗಿಬಿಡೋಣ."

ಅವಳು ಅಮ್ಮನ ಮುಖ ನೋಡಿದಳು. ಅಮ್ಮ ಅವಳ ಮುಖ ನೋಡಿದರು.

"ಬೇಡ" ಎಂದಳು ಹೆಂಡತಿ.

"ಬೇಡ್ವಾ? ಎರಡು ವರ್ಷದಿಂದ ಭಯ ಅಂದ್ಯಲ್ಲ?"

"ಅಂದೆ. ದೋಣಿಯ ಭಯ ಅಂತಲೇ ನಾನೂ ಅಂದ್ಕೊಂಡಿದ್ದೆ. ಇವತ್ತು ಬಸ್ಸಲ್ಲಿ ಕೂತು ಯೋಚನೆ ಮಾಡಿದೆ. ದೋಣಿ ಏನೂ ಮಾಡಿಲ್ಲ ಪಾಪ. ನಾನು ಆ ಕಡೆ ಹೋದ ತಕ್ಷಣ ನೀವು ಏನನ್ನ ಬಿಚ್ಚಿ ಕೂರ್ತೀರೋ ಅನ್ನೋದೇ ನನ್ನ ಭಯ. ದಡದ ಮೇಲೆ ಮನೆ ಮಾಡಿದ್ರೆ ಬಿಚ್ಚೋಕೆ ಇನ್ನೂ ಜಾಸ್ತಿ ಸಾಮಾನಿರುತ್ತೆ. ಇಲ್ಲಾದ್ರೆ ಇರೋದು ಒಂದೇ ಗೂಡು. ಅದಕ್ಕೆ ಫ್ಯೂಸಣ್ಣ ಬೀಗ ಹಾಕಿದ್ದಾನೆ, ಬೀಗದ ಕೈ ಅಮ್ಮನ ಹತ್ರ ಕೊಟ್ಟಿದ್ದಾನೆ."

"ಅತ್ತೆ ಇನ್ನು ನಾಲ್ಕು ದಿನಕ್ಕೆ ಊರಿಗೆ ಹೊರಡ್ತಾರಲ್ಲ."

"ಇಲ್ಲ" ಎಂದರು ಅತ್ತೆ. "ಚಳಿಗಾಲ ಮುಗಿಯೋ ತನಕ ಇಲ್ಲೇ ಇರ್ತೀನಿ. ಗಾಳಿ ಹಿತವಾಗಿದೆ. ಮತ್ತೆ ನಿಮ್ಮನ್ನ ಹೀಗೆ ಒಬ್ಬರನ್ನೇ ಬಿಟ್ಟು ಹೋಗೋಕೆ ಮನಸ್ಸು ಬರಲ್ಲ."

ಚಳಿಗಾಲ ಈಗ ತಾನೇ ಶುರುವಾಗಿದೆ. ನಾನು ಕರಡು ತಿದ್ದುತ್ತ ಕುಳಿತವನು ಎದ್ದು ಎರಡು ಹೆಜ್ಜೆ ಇಟ್ಟರೆ ಸಾಕು, ಮಂಚದ ಕಡೆಯಿಂದ "ಎಲ್ಲಿಗೆ?" ಎಂದು ದನಿ ಬರುತ್ತದೆ.

"ಬಚ್ಚಲಿಗೆ ಅತ್ತೆ."

"ನಿಲ್ಲಿ, ಲೈಟು ನಾನೇ ಹಾಕ್ತೀನಿ. ನೀವು ಸ್ವಿಚ್ ಮುಟ್ಟಬೇಡಿ."