ಇರುಳುಗೋಟೆಯ ಕೊನೆಯ ಹದಿನಾರು ಪುಟಗಳನ್ನು ಒದಗಿಸುವ ಕುರಿತು

ದಿನಾಂಕ: ೧೨-೪-೧೯೯೯

ಇಂದ,
ನಿಜಗುಣಪ್ಪ ಚನ್ನಬಸಪ್ಪ ಹಾದಿಮನಿ
ವಯಸ್ಸು ೩೩, ಉದ್ಯೋಗ: ಹಿಟ್ಟಿನ ಗಿರಣಿ
ಸಾ|| ಉಗರಗೋಳ, ತಾ|| ಸವದತ್ತಿ

ಗೆ,
ಮಾನ್ಯ ಗ್ರಂಥಪಾಲಕರು
ನವಿಲುಗರಿ ವಾಚನಾಲಯ, ಸವದತ್ತಿ

ವಿಷಯ: 'ಇರುಳುಗೋಟೆ' ಕಾದಂಬರಿಯ ಎರಡನೆಯ ಭಾಗದಲ್ಲಿ ಕೊನೆಯ ಹದಿನಾರು ಪುಟಗಳ ಜಾಗದಲ್ಲಿ ಹತ್ತಿ ಬೆಳೆಯ ಕೀಟ ಹತೋಟಿಯ ಪುಟಗಳು ಇರುವ ಬಗ್ಗೆ, ಹಾಗೂ ತತ್ಪರಿಣಾಮವಾಗಿ ಅರ್ಜಿದಾರನ ಲಗ್ನದ ಬಗ್ಗೆ.

ಉಲ್ಲೇಖ: ೧) ತಮ್ಮ ವಾಚನಾಲಯದ ಸದಸ್ಯತ್ವ ಸಂಖ್ಯೆ ೨೧೪ (ನನ್ನದು) ಮತ್ತು ೨೧೫ (ರಾಜೇಶ್ವರಿ ಅವರದು).
೨) ಸದರಿ ರಾಜೇಶ್ವರಿ ಅವರು ನನ್ನ ಗಿರಣಿಯ ವಿರುದ್ಧ ಗ್ರಾಮ ಪಂಚಾಯತಿಗೆ ಕೊಟ್ಟ ತಕರಾರು ಅರ್ಜಿಗಳು, ಒಟ್ಟು ಮೂರು.

ಮಾನ್ಯರೇ,

ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ಈ ಕೆಳಗಿನ ಸಂಗತಿಗಳನ್ನು ತಮ್ಮ ಅವಗಾಹನೆಗೆ ತರುತ್ತಿದ್ದೇನೆ.

೧. ನನ್ನ ಗಿರಣಿಯ ಎದುರಿಗೆ ರಾಜೇಶ್ವರಿ ಎಂಬವರು (ವಯಸ್ಸು ೨೯) ಹೊಲಿಗೆ ಯಂತ್ರ ಇಟ್ಟುಕೊಂಡಿರುತ್ತಾರೆ. ಗಿರಣಿಯ ಹಿಟ್ಟು ಹಾರಿ ಅವರು ಹೊಲಿಯುವ ಜಂಪರುಗಳ ಮೇಲೆ ಕೂಡುತ್ತದೆ. ಕಾರಣ ಉಲ್ಲೇಖ ೨. ಐದು ವರ್ಷಗಳಲ್ಲಿ ಅವರು ನನ್ನೊಂದಿಗೆ ಆಡಿದ ಮಾತು ಒಂದೇ: "ನಿಮ್ಮ ಗಿರಣಿಗೆ ಬೆಂಕಿ ಹತ್ಲಿ." ಅದಕ್ಕೆ ನಾನು, "ಹತ್ತಿದ್ರ ಮೊದಲ ನಿಮ್ಮ ಅರಿವಿ ಸುಡತಾವರಿ, ಗಾಳಿ ಆ ಕಡೆನ ಐತಿ" ಎಂದು ಉತ್ತರಿಸಿದ್ದು ನಿಜ.

೨. ಕಳೆದ ಅಕ್ಟೋಬರಿನಲ್ಲಿ ನಾನು ತಮ್ಮಲ್ಲಿಂದ ಸದರಿ ಕಾದಂಬರಿಯ ಮೊದಲನೆಯ ಭಾಗ ಒಯ್ದೆನು. ಎರಡನೆಯದು ಹೊರಗೆ ಹೋಗಿದೆ ಎಂದು ತಾವು ಹೇಳಿದಿರಿ. ಅದು ಹೋದದ್ದು ನನ್ನ ಎದುರಿನ ಅಂಗಡಿಗೆ. ಮೊದಲನೆಯದು ಓದದ ಕಾರಣ ಅವರು ಎರಡನೆಯದನ್ನು ತೆರೆಯಲಿಲ್ಲ. ಎರಡನೆಯದು ಕೈಗೆ ಬರದ ಕಾರಣ ನಾನು ಮೊದಲನೆಯದನ್ನು ಬಿಡಲಿಲ್ಲ. ಹೀಗೆ ಎರಡು ತಿಂಗಳು ಕಳೆದವು. ತಾವು ಕಳಿಸಿದ ನೆನಪಿನ ಕಾರ್ಡುಗಳು ಇಬ್ಬರಿಗೂ ತಲುಪಿವೆ.

೩. ಜೋಳ ಬೀಸಿಸಲು ಬಂದು ಕರೆಂಟಿಗಾಗಿ ಕಾದು ಕುಳಿತಿದ್ದ ಲಗಮವ್ವ ಎಂಬ ಹಿರಿಯರು ಇದನ್ನು ಬಗೆಹರಿಸಿದರು. "ಕರೆಂಟ್ ಬರೂತನಕ ನಾವೂ ಇಲ್ಲೇ ಕುಂತಿರತೇವಿ. ಇಬ್ರೂ ಕೂಡಿ ಜೋರಲೆ ಓದ್ರಿ. ಪುಸ್ತಕ ಯಾರ ಕೈಯಾಗಿದ್ರೇನು, ಕಿವಿ ಎಲ್ಲಾರಿಗೂ ಅದಾವಲ್ಲ!" ಆದ್ದರಿಂದ ಮಾಂತ್ರಿಕನ ಮಾತು ನಾನು, ರಾಜಕುಮಾರಿಯ ಮಾತು ಅವರು ಓದುವುದೆಂದು ಠರಾವಾಯಿತು.

೪. ಕಥೆ ತಮಗೆ ತಿಳಿದಿರಬಹುದು. ಮಾಂತ್ರಿಕ ಭೈರವಸೇನನು ತನ್ನ ನೆರಳನ್ನು ಪಿಶಾಚಿಗಳಿಗೆ ಕೊಟ್ಟು, ರಾಜ್ಯದ ಸೂರ್ಯನನ್ನು ಬಾವಿಯಲ್ಲಿ ಮುಚ್ಚಿಟ್ಟವನು. ರಾಜಕುಮಾರಿ ನಾಗಲತೆಯು ಅವನನ್ನು ಕೊಲ್ಲಲೆಂದೇ ಕಠಾರಿ ಹಿಡಿದು ಬಂದವಳು. ಮೊದಲ ಭಾಗದಲ್ಲಿ ಐದು ಸಲ ಪ್ರಯತ್ನಿಸುತ್ತಾಳೆ. ಆ ಐದೂ ಪ್ರಸಂಗಗಳನ್ನು ರಾಜೇಶ್ವರಿ ಅವರು ಪುಸ್ತಕ ನೋಡದೆ ನನ್ನನ್ನು ನೋಡಿ ಓದಿದರು.

೫. ಎರಡನೆಯ ಭಾಗದಲ್ಲಿ ಮಾಂತ್ರಿಕನಿಗೆ ಜ್ವರ ಬರುತ್ತದೆ, ನಾಗಲತೆ ನೀರು ಕುಡಿಸುತ್ತಾಳೆ. ಅಲ್ಲಿಂದ ರಾಜೇಶ್ವರಿ ಅವರ ದನಿ ತಗ್ಗಿತು. ಮೋಟಾರಿನ ಸದ್ದಿನಲ್ಲಿ ಕೇಳಿಸದ ಕಾರಣ, ಕರೆಂಟ್ ಬಂದಾಗಲೂ ನಾನು ಗಿರಣಿ ಚಾಲೂ ಮಾಡಲಿಲ್ಲ. ಆದ್ದರಿಂದ ಆ ವಾರ ಊರಿನ ಹಲವು ಮನೆಗಳಲ್ಲಿ ರೊಟ್ಟಿ ಆಗಲಿಲ್ಲ, ಅನ್ನ ಉಂಡರು. ಅದೇ ವಾರ ಹಿಟ್ಟು ಹಾರದಂತೆ ಗಿರಣಿಯ ಬಾಗಿಲಿಗೆ ಗೋಣಿತಟ್ಟಿನ ಪರದೆ ಕಟ್ಟಿದೆನು.

"ಐದ ವರ್ಷ ಯಾಕ ಕಟ್ಟಿರಲಿಲ್ಲ?" ಎಂದರು ರಾಜೇಶ್ವರಿ ಅವರು.

"ನೀವು ಅರ್ಜಿಯೊಳಗ ಪರದೆ ಅಂತ ಬರದಿರಲಿಲ್ಲರಿ. ಗಿರಣಿ ಕೀಳಸ್ರಿ ಅಂತ ಬರದಿದ್ರಿ."

ಅವರು ನಕ್ಕದ್ದು ನನ್ನ ತಿಳಿವಳಿಕೆಯ ಮಟ್ಟಿಗೆ ಅದೇ ಮೊದಲು.

೬. ಇಪ್ಪತ್ತೆರಡನೆಯ ಅಧ್ಯಾಯದಲ್ಲಿ ಅವರಿಬ್ಬರ ಲಗ್ನ. ಆ ದಿನ ಲಗಮವ್ವ ಸೆರಗಿನಲ್ಲಿ ಅಕ್ಕಿಕಾಳು ತಂದರು. "ಪುರಾಣದಾಗ ಶಿವ-ಪಾರ್ವತಿ ಲಗ್ನ ಬಂದ್ರ ಮಠದಾಗ ಅಕ್ಕಿಕಾಳ ಒಗೀತೇವೋ ಇಲ್ಲೋ? ಇಂವ ಮಂತ್ರವಾದಿ ಆದ್ರೇನು, ಲಗ್ನ ಲಗ್ನನ!" ಅಕ್ಕಿಯನ್ನು ಪುಸ್ತಕಕ್ಕೆ ಒಗೆಯುವುದು ರೂಢಿ. ಪುಸ್ತಕವನ್ನು ಆಗ ಒಂದು ಬದಿಗೆ ನಾನು, ಒಂದು ಬದಿಗೆ ಅವರು ಹಿಡಿದಿದ್ದ ಕಾರಣ ಅಕ್ಕಿ ಎಲ್ಲಿ ಬಿದ್ದಿತೆಂದು ಪ್ರತ್ಯೇಕವಾಗಿ ಹೇಳಬೇಕಿಲ್ಲ. ಈ ಬಗ್ಗೆ ಇಬ್ಬರೂ ತಕರಾರು ಸಲ್ಲಿಸಿರುವುದಿಲ್ಲ.

೭. ಮರುದಿನ ಕೊನೆಯ ಅಧ್ಯಾಯ. ಲಗ್ನದ ರಾತ್ರಿ ಮಾಂತ್ರಿಕನು ಮಲಗಿದ್ದಾನೆ. ನಾಗಲತೆ ದಿಂಬಿನ ಕೆಳಗಿನಿಂದ ಕಠಾರಿ ತೆಗೆದು ಮೇಲೆತ್ತುತ್ತಾಳೆ. ಅಲ್ಲಿಗೆ ಪುಟ ೩೦೪ ಮುಗಿಯುತ್ತದೆ. ಮುಂದಿನ ಪುಟವನ್ನು ರಾಜೇಶ್ವರಿ ಅವರು ಅದೇ ನಡುಗುವ ದನಿಯಲ್ಲಿ ಓದಿದರು: "ಕಾಯಿಕೊರಕ ಹುಳುವಿನ ಬಾಧೆ ಕಂಡಲ್ಲಿ ಸಂಜೆಯ ತಂಪು ಹೊತ್ತಿನಲ್ಲಿ ಔಷಧ ಸಿಂಪಡಿಸುವುದು."

"ಅಯ್ಯ, ಇಸಾ ಹಾಕಿದ್ಲೇನ?" ಎಂದರು ಲಗಮವ್ವ.

ರಟ್ಟು ಕಟ್ಟಿದವರ ಕೈಯಲ್ಲಿ ಎರಡು ಪುಸ್ತಕಗಳು ಕಲೆತಿವೆ. ಕೇಳುತ್ತ ಕುಳಿತಿದ್ದ ಹೆಂಗಸರು ಎದ್ದುಹೋದರು. ಹಣಮಂತಪ್ಪ ಎಂಬ ರೈತರು ಮಾತ್ರ, "ಮುಂದ ಓದ್ರಿ ತಂಗಿ, ನಮ್ಮ ಹೊಲದಾಗ ಅದ ಹುಳಾ ಬಿದ್ದೈತಿ" ಎಂದು ಕುಳಿತರು.

೮. ಹಣಮಂತಪ್ಪನವರು ಹೋದ ಮೇಲೆ ನಾನು ರಾಜೇಶ್ವರಿ ಅವರನ್ನು ಲಗ್ನಕ್ಕೆ ಕೇಳಿದೆನು. ಅವರ ಉತ್ತರ: "ಅಕ್ಕಿಕಾಳ ಬಿದ್ದ ರಾತ್ರಿನ ಆಕಿ ಕಠಾರಿ ಎತ್ಯಾಳ. ಮುಂದ ಏನಾತು ಅಂತ ತಿಳೀದ ನಾ ಹ್ಯಾಂಗ ಹೂಂ ಅನ್ಲಿ?" ಅಷ್ಟರಲ್ಲಿ ಅವರ ಅಣ್ಣ ಶ್ರೀಶೈಲ ಅವರು, ರಾಮದುರ್ಗದ ಒಬ್ಬ ವರನ ಕಡೆಯವರಿಗೆ ಹೆಣ್ಣು ನೋಡಲು ಬರಹೇಳಿದ್ದರು.

೯. ರಾಮದುರ್ಗದವರು ಬರಬೇಕಿದ್ದ ಎಂಟು ದಿನ ಮೊದಲು ರಾಜೇಶ್ವರಿ ಅವರು ಬೈಲಹೊಂಗಲದ ತಮ್ಮ ಅಕ್ಕನ ಮನೆಗೆ ಹೋದರು. ಅಲ್ಲಿನ ಒಂದು ವಾಚನಾಲಯದಲ್ಲಿ ಇದೇ ಕಾದಂಬರಿ ಇದೆಯಂತೆ. ಸಂಜೆ ಅವರು ಮರಳಿ ಬಸ್ಸಿಳಿದಾಗ ನಾನು ನಿಲ್ದಾಣದಲ್ಲಿ ಆಕಸ್ಮಿಕವಾಗಿ ಇದ್ದೆನು. ಹಿಂದಿನ ಮೂರು ಬಸ್ಸಿಗೂ ಹೀಗೆಯೇ ಇದ್ದೆನು.

"ಸಿಕ್ತೇನ್ರಿ?"

"ಸಿಕ್ತು. ಅಲ್ಲೇ ಕುಂತ ಓದಿದ್ನಿ."

"ಕೊಂದಳೇನ್ರಿ?"

"ಲಗ್ನಾದ ಮ್ಯಾಲ ಹೇಳತೇನಿ" ಎಂದು ಚೀಲ ನನ್ನ ಕೈಗೆ ಕೊಟ್ಟು ಮುಂದೆ ನಡೆದರು.

ಯಾರ ಲಗ್ನ ಎಂದು ಕೇಳುವ ಧೈರ್ಯ ಆಗಲಿಲ್ಲ. ಮರುದಿನ ಶ್ರೀಶೈಲ ಅವರೇ ಗಿರಣಿಗೆ ಬಂದರು. "ಏನ್ರಿ ನಿಜಗುಣಪ್ಪ, ನಿಮ್ಮ ಮ್ಯಾಲ ನನ್ನ ಕಡಿಂದ ಮೂರ ಅರ್ಜಿ ಬರಿಸಿದ್ಲು. ಇವತ್ತ ರಾಮದುರ್ಗದವರಿಗೆ ಬರಬ್ಯಾಡ್ರಿ ಅಂತ ಕಾಗದ ಬರಿಸಿದ್ಲು. ಈಗ ಲಗ್ನಪತ್ರ ಬರಿ ಅಂತಾಳ. ನನಗ ಕೈ ನೋಯಾಕ ಹತ್ಯಾವ."

೧೦. ನಮ್ಮಿಬ್ಬರ ಲಗ್ನವು ದಿನಾಂಕ ೯-೫-೧೯೯೯ರಂದು ನಿಶ್ಚಯವಾಗಿದೆ. ಬಳಿಕ ನಾನೂ ಬೈಲಹೊಂಗಲಕ್ಕೆ ಹೋಗಿ ವಿಚಾರಿಸಲಾಗಿ, ಸದರಿ ಪುಸ್ತಕವು ರಾಜೇಶ್ವರಿ ಅವರ ಅಕ್ಕನ ಹೆಸರಿಗೆ ಹೊರಗೆ ಹೋಗಿರುತ್ತದೆ. ಅಕ್ಕನವರು ಅವಲಕ್ಕಿ, ಚಹಾ ಕೊಟ್ಟರು. ಪುಸ್ತಕ ಕೊಡಲಿಲ್ಲ.

ಆದ್ದರಿಂದ, ನಾನು ಈ ಸಂಬಂಧಕ್ಕೆ ಮನಃಪೂರ್ವಕ ಒಪ್ಪಿದ್ದು, ಕೊನೆಯಲ್ಲಿ ಏನೇ ಇದ್ದರೂ ಹಿಂದೆ ಸರಿಯುವವನಲ್ಲ. ಆದರೂ ಮುಂಜಾಗ್ರತೆಯ ದೃಷ್ಟಿಯಿಂದ, ತಾವು ಬೈಲಹೊಂಗಲದ ವಾಚನಾಲಯಕ್ಕೆ ಬರೆದು, ಪುಟ ೩೦೫ರಿಂದ ೩೨೦ರವರೆಗಿನ ಝೆರಾಕ್ಸ್ ಪ್ರತಿಯನ್ನು ತರಿಸಿಕೊಡಬೇಕಾಗಿ ವಿನಂತಿ.

ಇಂತಿ, ಪುಟ ೩೦೪ರಲ್ಲಿ ನಿಂತಿರುವ ತಮ್ಮ ವಿಶ್ವಾಸಿ,
ನಿಜಗುಣಪ್ಪ ಚ. ಹಾದಿಮನಿ

ಲಗತ್ತುಗಳು:
೧) ಕಾದಂಬರಿಯ ಎರಡೂ ಭಾಗಗಳು.
೨) ಹತ್ತಿಯ ಪುಟಗಳು ಲಗತ್ತಿಸಿಲ್ಲ. ಹಣಮಂತಪ್ಪನವರು ಬಿಚ್ಚಿಕೊಂಡು ಒಯ್ದಿದ್ದು, ಹುಳು ಸತ್ತ ಮೇಲೆ ಕೊಡುತ್ತಾರಂತೆ.
೩) ರಾಜೇಶ್ವರಿ ಅವರ ಹೇಳಿಕೆ: ಕೊಡಲು ನಿರಾಕರಿಸಿರುತ್ತಾರೆ.

ವಿ.ಸೂ.: ಪುಟಗಳು ಮೇ ೯ರ ಒಳಗೆ ತಲುಪುವಂತಿದ್ದರೆ ಮಾತ್ರ ಕಳಿಸಬೇಕು. ತಡವಾದಲ್ಲಿ ಕಳಿಸುವ ಅಗತ್ಯವಿಲ್ಲ. ೧೦ರ ಬೆಳಿಗ್ಗೆ ಉಗರಗೋಳದ ಕಡೆಯಿಂದ ಬಂದ ಯಾರನ್ನಾದರೂ ವಿಚಾರಿಸಿ, ಗಿರಣಿ ಚಾಲೂ ಇದ್ದಲ್ಲಿ, ಕಥೆ ಸುಖಾಂತವೆಂದು ತಮ್ಮ ಪುಸ್ತಕದ ಕೊನೆಗೆ ಷರಾ ಬರೆದುಕೊಳ್ಳಬೇಕಾಗಿ ಕೋರಿಕೆ.